ಸೈಕಲ್ಲಿಗೊಂದು ಮನೆ ಬೇಕಿತ್ತು

"ಗಾಡಿ ಇಲ್ವಾ ನಿಮ್ಗೆ?"

ಚಿಕ್ಕಮಗಳೂರಿನ ರಾಮನಹಳ್ಳಿಯಲ್ಲಿ ಬಾಡಿಗೆಗೆ ನೋಡಲು ಹೋದ ಮೊದಲ ಮನೆಯ ಯಜಮಾನರು ಗೇಟು ತೆಗೆಯುವ ಮುಂಚೆಯೇ ಕೇಳಿದರು. ಬ್ರೋಕರ್ ಆಕ್ಟಿವಾದಲ್ಲಿ ಮುಂದೆ ಬಂದು ನಿಂತಿದ್ದ. ನಾನು ಹಿಂದಿನಿಂದ ಸೈಕಲ್ ತುಳಿಯುತ್ತಾ, ಅರ್ಧ ಏರು ತಳ್ಳುತ್ತಾ, ಬೆವರು ಸುರಿಸಿಕೊಂಡು ತಲುಪಿದ್ದೆ. ನಲವತ್ತೆರಡು ವಯಸ್ಸಿನ ಬಾಡಿಗೆದಾರ ಸೈಕಲ್ಲಿನಲ್ಲಿ ಬಂದರೆ ತಿಂಗಳ ಐದನೇ ತಾರೀಖಿಗೆ ಬಾಡಿಗೆ ಬರುತ್ತದೋ ಇಲ್ಲವೋ ಎಂಬ ಲೆಕ್ಕ ಅವರ ಮುಖದಲ್ಲೇ ಕಾಣುತ್ತಿತ್ತು. "ಇದೆ ಸಾರ್, ಸರ್ವಿಸ್‌ಗೆ ಬಿಟ್ಟಿದ್ದೀನಿ" ಅಂದೆ. ನನ್ನ ಹತ್ತಿರ ಗಾಡಿಯೇ ಇಲ್ಲ. ಆ ಸುಳ್ಳು ಯಾಕೆ ಬಾಯಿಗೆ ಬಂತೋ, ಇವತ್ತಿಗೂ ಗೊತ್ತಿಲ್ಲ.

ಬೆಂಗಳೂರಿನಲ್ಲಿದ್ದ ಆರು ವರ್ಷ ವಿಜಯನಗರದಲ್ಲಿ ಮನೆ, ಪೀಣ್ಯದಲ್ಲಿ ಕೆಲಸ. ಅಲ್ಲಿ ಮನೆ ಹಿಡಿದದ್ದು ಬಾಡಿಗೆ ನೋಡಿ, ಕಾವೇರಿ ನೀರು ನೋಡಿ. ಸೈಕಲ್ ಕೊಂಡದ್ದು ಆಮೇಲೆ. ಹನ್ನೊಂದು ದಿನ ತುಳಿದೆ. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಲಾರಿಯೊಂದರ ಹಿಂದಿನ ಚಕ್ರ ನನ್ನ ಮೊಣಕೈ ಪಕ್ಕದಲ್ಲೇ ಉರುಳಿಹೋದ ದಿನ ಅದನ್ನು ಮೆಟ್ಟಿಲ ಕೆಳಗೆ ಒರಗಿಸಿದವನು, ಚಿಕ್ಕಮಗಳೂರಿಗೆ ಸಾಮಾನು ಸಾಗಿಸುವಾಗಲೇ ಹೊರಗೆ ತೆಗೆದದ್ದು. ಹಾಗಾಗಿ ಇಲ್ಲಿ ಕೆ.ಎಂ. (ಕಡೂರು–ಮಂಗಳೂರು) ರಸ್ತೆಯ, ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಾಗ, ಈ ಸಲ ಮೊದಲು ಸೈಕಲ್ಲಿಗೆ ಒಪ್ಪುವ ಮನೆ, ಆಮೇಲೆ ನಮಗೆ ಅಂದುಕೊಂಡೆ. ಹೆಂಡತಿ "ನೋಡೋಣ" ಅಂದಳು. ಅವಳ "ನೋಡೋಣ" ಅಂದರೆ ಏನೆಂದು ಮದುವೆಯಾದವರಿಗೆ ಗೊತ್ತು.

ನನ್ನ ಸೂತ್ರ ಒಂದೇ: ಮನೆ ಆಫೀಸಿಗಿಂತ ಎತ್ತರದಲ್ಲಿರಬೇಕು. ಸಾವಿರ ಮೀಟರಿಗೂ ಮೇಲಿರುವ ಊರು ಇದು. ಗಿರಿಯ ಕಡೆಯಿಂದ ಪೇಟೆಗೆ ಇಳಿಯುತ್ತಾ ಬರುತ್ತದೆ. ಬೆಳಿಗ್ಗೆ ಇಳಿಜಾರಾದರೆ ಅಂಗಿ ಒದ್ದೆಯಾಗದೆ ಆಫೀಸು ಸೇರಬಹುದು. ಸಂಜೆ ಏರು ಹತ್ತಿ ಬೆವರಿದರೂ ಮನೆಯಲ್ಲಿ ಬಚ್ಚಲಿದೆ. ರಾಮನಹಳ್ಳಿಯ ಮನೆ ಈ ಸೂತ್ರಕ್ಕೆ ಅಳೆದು ಹೊಲಿಸಿದ ಹಾಗಿತ್ತು. ಭಾನುವಾರ ಮಧ್ಯಾಹ್ನ ಅಲ್ಲಿಂದ ಕ್ಯೂರಿಂಗ್ ವರ್ಕ್ಸ್‌ವರೆಗೆ ಇಳಿದು ನೋಡಿದೆ, ಹದಿಮೂರು ನಿಮಿಷ. ಪೆಡಲ್ ತುಳಿದದ್ದಕ್ಕಿಂತ ಬ್ರೇಕ್ ಹಿಡಿದದ್ದೇ ಹೆಚ್ಚು. ಮರಳಿ ಹತ್ತಲು ಇಪ್ಪತ್ತೆಂಟು. ಅಡ್ವಾನ್ಸ್ ಕೊಡುವುದೊಂದು ಬಾಕಿ.

ಅದೃಷ್ಟಕ್ಕೆ ಯಜಮಾನರು ವಾರ ಬಿಟ್ಟು ಬನ್ನಿ ಅಂದರು. ಬಹುಶಃ ಗಾಡಿ ಸರ್ವಿಸಿನಿಂದ ಬರಲಿ ಎಂದಿರಬೇಕು.

ಮುಂದಿನ ಶನಿವಾರ, ನಾನು ಕೆಲಸಕ್ಕೆ ಹೊರಡುವ ಹೊತ್ತಿಗೇ ಸರಿಯಾಗಿ ಮತ್ತೆ ಅಲ್ಲಿಗೆ ಹೋದೆ. ಜೂನ್ ಶುರುವಾಗಿತ್ತು, ಜಿಟಿಜಿಟಿ ಹಿಡಿದಿತ್ತು. ರತ್ನಗಿರಿ ಬೋರೆ ದಾಟಿ ಕೈಮರದ ಕಡೆ ಹೋಗುವ ರಸ್ತೆಯ ತುಂಬ ಬೆಂಗಳೂರಿನ ಕಾರುಗಳು, ಟೆಂಪೋ ಟ್ರಾವೆಲರ್‌ಗಳು. ಎಲ್ಲರಿಗೂ ಮುಳ್ಳಯ್ಯನಗಿರಿಯ ಮಂಜು ಕರಗುವ ಮೊದಲು ಮೇಲೆ ಹತ್ತಬೇಕು. ಅವು ಓವರ್‌ಟೇಕ್ ಮಾಡುತ್ತಾ ಏರಿ ಬರುವಾಗ ನಾನು ಇಳಿಯಬೇಕು. ಒಂದು ತಿರುವಿನಲ್ಲಿ ಬ್ರೇಕ್ ಒತ್ತಿದೆ. ನೆನೆದ ರಿಮ್ಮಿನ ಮೇಲೆ ರಬ್ಬರು ಕಿರ್ ಅಂದು ಜಾರಿತೇ ಹೊರತು ಸೈಕಲ್ ನಿಲ್ಲಲಿಲ್ಲ. ಚರಂಡಿ ಪಕ್ಕದ ಮಣ್ಣಿಗೆ ಕಾಲು ಕೊಟ್ಟು ನಿಲ್ಲಿಸಿದೆ, ಚಪ್ಪಲಿಯ ಉಂಗುಷ್ಠ ಕಿತ್ತು ಬಂತು. ಗೊರಗುಂಟೆಪಾಳ್ಯದ ಲಾರಿಯವನೇ ನನ್ನ ಹಿಂದೆ ಇಲ್ಲಿಗೂ ಬಂದ ಹಾಗಿತ್ತು. ಬಿಸಿಲಿನ ಭಾನುವಾರ ಮಧ್ಯಾಹ್ನ ನೋಡಿದ ದಾರಿ ದಾರಿಯೇ ಅಲ್ಲ.

ಹಿರೇಮಗಳೂರಿನಲ್ಲೂ ಒಂದು ಮನೆ ಇತ್ತು. ಕೋದಂಡರಾಮ ದೇವಸ್ಥಾನಕ್ಕೆ ನಡೆದು ಹೋಗಬಹುದು, ಅಲ್ಲಿ ಕನ್ನಡದಲ್ಲಿ ಮಂತ್ರ ಹೇಳಿ ಪೂಜೆ ಮಾಡುವುದನ್ನು ದಿನವೂ ಕೇಳಬಹುದು ಎಂದು ಹೆಂಡತಿಗೆ ಆಸೆ. ಆದರೆ ಕೊಯ್ಲಿನ ಕಾಲದಲ್ಲಿ ಪಾರ್ಚ್‌ಮೆಂಟ್, ಚೆರ್ರಿ ಕಾಫಿಯ ಮೂಟೆ ಹೇರಿಕೊಂಡು ತೋಟಗಳಿಂದ ಬರುವ ಲಾರಿ, ಪಿಕಪ್‌ಗಳ ಸಂಖ್ಯೆ ನಮ್ಮ ಗೇಟಿನ ರಿಜಿಸ್ಟರಿನಲ್ಲಿ ಬರೆಯುವವನೇ ನಾನು. ಅವುಗಳ ನಡುವೆ ಕೆ.ಎಂ. ರಸ್ತೆಯಲ್ಲಿ ದಿನಾ ತುಳಿಯಲು ಧೈರ್ಯ ಬರಲಿಲ್ಲ. ಅಲ್ಲದೆ ಅದು ಮೊದಲ ಮಹಡಿ. ಕೆಸರಿನ ಚಕ್ರ ಹೊತ್ತು ಗ್ರಾನೈಟ್ ಮೆಟ್ಟಿಲು ಹತ್ತುವುದನ್ನು ಯಾವ ಯಜಮಾನರು ಸಹಿಸುತ್ತಾರೆ?

ಕೊನೆಗೆ ಸಿಕ್ಕಿದ್ದು ಕೋಟೆ ಬಡಾವಣೆಯ ಒಳರಸ್ತೆಯೊಂದರ ಹಂಚಿನ ಮನೆ. ಏರೂ ಅಲ್ಲ, ಇಳಿಜಾರೂ ಅಲ್ಲ. ಸೂತ್ರ ಹೋಯಿತು. ಮುಖ್ಯರಸ್ತೆಗೆ ಬೀಳದೆ ಗಲ್ಲಿ ಗಲ್ಲಿಯಲ್ಲೇ ಬಹುದೂರ ಹೋಗಬಹುದು, ನಾಯಿಗಳು ಎರಡೇ. ಯಜಮಾನಿ ಅಜ್ಜಿ ಗಾಡಿಯ ವಿಷಯ ಎತ್ತಲೇ ಇಲ್ಲ. ಹಿತ್ತಲಿಗೆ ಕರೆದುಕೊಂಡು ಹೋಗಿ ಸೌದೆ ಕೊಟ್ಟಿಗೆ ತೋರಿಸಿದರು. ಸೋಲಾರ್ ಹಾಕಿಸಿದ ಮೇಲೆ ಅರ್ಧ ಖಾಲಿಯಾಗಿತ್ತಂತೆ. ಆದರೆ ಮಳೆಗಾಲದಲ್ಲಿ ಸೋಲಾರ್ ನೆಚ್ಚಿಕೊಂಡರೆ ತಣ್ಣೀರೇ ಗತಿ, ಆದ್ದರಿಂದ ಇನ್ನರ್ಧ ಸೌದೆಗೆ ಬಿಡಲೇಬೇಕು.

"ಸೈಕಲ್ ಈ ಕಡೆ ಇಟ್ಕೊಳಿ, ಹೊರಗಿಟ್ರೆ ತುಕ್ಕು ಹಿಡಿಯುತ್ತೆ. ಇದಕ್ಕೆ ಬಾಡಿಗೆ ಬೇಡ" ಅಂದರು. ನಾನು ಕೈಮುಗಿಯುವಷ್ಟರಲ್ಲಿ ಮೂಲೆಯಲ್ಲಿದ್ದ ಕೊಡಲಿಯ ಕಡೆ ನೋಡಿ ಸೇರಿಸಿದರು: "ಭಾನುವಾರ ಒಂದೊಂದು ಹೊರೆ ಒಡೆದುಕೊಡಿ, ಸಾಕು."