ಮಾವನ ಮನೆಯ ಗ್ಯಾಸಬತ್ತಿ

ಲೋಕಾಪುರದ ಸಮೀಪದ ಹಳ್ಳಿಯಲ್ಲಿರುವ ನನ್ನ ಸೋದರಮಾವನ ಮಣ್ಣಿನ ಮಾಳಿಗೆಯ ಮನೆಯನ್ನು ಬಿಚ್ಚಿ ಹೊಸದಾಗಿ ಕಟ್ಟಿಸಲು ನಿಶ್ಚಯವಾದಾಗ, ನಾಗೊಂದಿಗೆಯ ಮೇಲಿನ ಸಾಮಾನುಗಳನ್ನು ಇಳಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಕೂರಿಗೆಯ ಬಟ್ಟಲು, ತಳ ಸವೆದ ಕೊಪ್ಪರಿಗೆ, ಹಗ್ಗದ ಸುರುಳಿಗಳ ಹಿಂದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟ ಒಂದು ಗ್ಯಾಸಬತ್ತಿ, ಅಂದರೆ ಪೆಟ್ರೋಮ್ಯಾಕ್ಸ್ ದೀಪ, ಇತ್ತು. ಗಾಜು ಒಡೆದಿತ್ತು, ಟೋಪಿಗೆ ತುಕ್ಕು ಹಿಡಿದಿತ್ತು, ಪಂಪಿನ ಹಿಡಿಕೆ ಎಳೆದರೆ ಬರುತ್ತಿರಲಿಲ್ಲ. ಆದರೆ ಎಣ್ಣೆ ತುಂಬುವ ಟಾಕಿಗೆ ಎಲ್ಲಿಯೂ ಪೆಟ್ಟು ಬಿದ್ದಿರಲಿಲ್ಲ. ಊರಿಗೆ ಕರೆಂಟು ಬರುವ ಮೊದಲು, ಬಂದ ಮೇಲೆಯೂ ಅದನ್ನು ನಂಬಲಾಗದ ಎಷ್ಟೋ ವರ್ಷಗಳವರೆಗೆ, ಅಜ್ಜ ಇಂಥ ನಾಲ್ಕು ಬತ್ತಿಗಳನ್ನು ಮದುವೆಯ ಮೆರವಣಿಗೆಗೆ, ಶ್ರೀಕೃಷ್ಣ ಪಾರಿಜಾತದ ಬಯಲಾಟಕ್ಕೆ ಬಾಡಿಗೆಗೆ ಕೊಡುತ್ತಿದ್ದರಂತೆ. ಉಳಿದ ಮೂರು ಎಲ್ಲಿ ಹೋದವೋ ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಗ್ಯಾಸಬತ್ತಿ ಎಂಬ ಹೆಸರು ಕೇಳಿ ಸಿಲಿಂಡರನ್ನು ಹುಡುಕುವ ಮಕ್ಕಳಿಗೆ ನಾನು ಹೇಳುವುದಿಷ್ಟು: ಅದರ ಹೊಟ್ಟೆಯಲ್ಲಿರುವುದು ಚಿಮಣಿ ಎಣ್ಣೆಯೇ (ಸೀಮೆಎಣ್ಣೆ), ಆದರೆ ಕಂದೀಲಿನಲ್ಲಿ ಉರಿಯುವಂತೆ ಬತ್ತಿಗೆ ಏರಿ ಉರಿಯುವುದಿಲ್ಲ. ಗಾಳಿಯ ಒತ್ತಡಕ್ಕೆ ಮೇಲೇರಿದ ಎಣ್ಣೆ ಕಾದ ಕೊಳವೆಯಲ್ಲಿ ಆವಿಯಾಗಿ, ಸೂಜಿಮೊನೆಯಷ್ಟು ಸಣ್ಣ ರಂಧ್ರದಿಂದ ಚಿಮ್ಮಿ, ಹೋಗುತ್ತ ತನ್ನೊಡನೆ ಗಾಳಿಯನ್ನೂ ಎಳೆದುಕೊಂಡು, ಆ ಮಿಶ್ರಣ ಮ್ಯಾಂಟಲಿನೊಳಗೆ, ಅಂದರೆ ಕಾದು ಬೆಳಗುವ ಬಲೆಯಂಥ ಚೀಲದೊಳಗೆ, ಉರಿಯುತ್ತದೆ. ಆದ್ದರಿಂದ ನಮ್ಮ ಹಿರಿಯರು ಇಟ್ಟ ಹೆಸರು ಸರಿಯಾಗಿಯೇ ಇದೆ. ಪೆಟ್ರೋಮ್ಯಾಕ್ಸ್ ಎಂಬುದು ಬರ್ಲಿನ್ನಿನ ಎರಿಕ್ ಆಂಡ್ ಗ್ರೇಟ್ಸ್ ಕಂಪನಿಯ ದೀಪದ ಹೆಸರು. ಪೆಟ್ರೋಲಿಯಮ್ ಎಂಬ ಶಬ್ದಕ್ಕೆ ಮ್ಯಾಕ್ಸ್ ಗ್ರೇಟ್ಸ್ ಎಂಬಾತನ ಹೆಸರು ಸೇರಿ ಆದದ್ದು. ಮುಂದೆ ಅದೇ ವಿನ್ಯಾಸವನ್ನು ಅನುಸರಿಸಿ ನಮ್ಮ ದೇಶದಲ್ಲಿಯೂ ಅನೇಕರು ದೀಪ ತಯಾರಿಸಿದರು, ಎಲ್ಲವನ್ನೂ ಜನ ಪೆಟ್ರೋಮ್ಯಾಕ್ಸ್ ಎಂದೇ ಕರೆದರು. ನಮ್ಮ ದೀಪದ ಮೇಲಿನ ಅಚ್ಚು ಅಳಿಸಿಹೋಗಿದೆ, ಹೀಗಾಗಿ ಅದು ಎಲ್ಲಿಯದೆಂದು ನಾನು ಹೇಳಲಾರೆ.

ಕೆಲಸ ಆರಂಭಿಸುವ ಮೊದಲು ಒಂದು ನೋವಿನ ಮಾತನ್ನು ಹೇಳಿಬಿಡಬೇಕು. ಬಾಗಲಕೋಟೆಯ ಒಂದು ಹಳೆಯ ಸಾಮಾನಿನ ಅಂಗಡಿಯಲ್ಲಿ ಬಿಡಿಭಾಗ ಹುಡುಕುತ್ತಿದ್ದಾಗ, ಥಳಥಳ ಹೊಳೆಯುವ ಐದಾರು ದೀಪಗಳು ಸಾಲಾಗಿ ತೂಗಾಡುತ್ತಿದ್ದವು. ಪ್ರತಿಯೊಂದರ ಟಾಕಿಗೂ ರಂಧ್ರ ಕೊರೆದು, ವೈರು ಎಳೆದು, ಮ್ಯಾಂಟಲಿನ ಜಾಗದಲ್ಲಿ ಎಲ್‌ಇಡಿ ಬಲ್ಬು ಕೂಡಿಸಿದ್ದರು. ಹೋಟೆಲುಗಳವರು ಅಲಂಕಾರಕ್ಕೆಂದು ಒಯ್ಯುತ್ತಾರಂತೆ. ಟಾಕಿಯೇ ದೀಪದ ಜೀವ. ಅದಕ್ಕೆ ಒಮ್ಮೆ ರಂಧ್ರ ಬಿದ್ದರೆ, ಮತ್ತೆ ಬೆಸುಗೆ ಹಾಕಿದರೂ ಒತ್ತಡದ ಕೆಳಗೆ ಆ ಜಾಗವನ್ನು ಮನಸ್ಸು ನಂಬುವುದಿಲ್ಲ. ಉರಿಯುವ ಸ್ಥಿತಿಯಲ್ಲಿರುವ ದೀಪವನ್ನು ಹೀಗೆ ಮಾಡುವುದು ನನಗೆ ಸರ್ವಥಾ ಒಪ್ಪಿಗೆಯಾಗದು.

ಹೊಳಪಿನ ವಿಷಯಕ್ಕೂ ಇದೇ ಮಾತು. ಹಿತ್ತಾಳೆ ಕಂಡೊಡನೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುವುದು ನಮ್ಮ ಮನೆಗಳ ರೂಢಿ. ಆದರೆ ಈ ದೀಪಗಳ ಟಾಕಿ ಹಿತ್ತಾಳೆಯದಾದರೂ ಅದರ ಮೇಲೆ ನಿಕ್ಕಲಿನ ತೆಳುವಾದ ಲೇಪ ಇರುತ್ತದೆ. ಬೂದಿಯಿಂದ ತಿಕ್ಕಿದರೆ ಲೇಪವೇ ಕಿತ್ತುಬರುತ್ತದೆ. ನಾನು ಸಾಬೂನು ನೀರು ಮತ್ತು ಮೆತ್ತನೆಯ ಅರಿವೆ ಬಿಟ್ಟು ಬೇರೇನನ್ನೂ ಬಳಸಲಿಲ್ಲ, ಕಲೆಗಳನ್ನು ಹಾಗೆಯೇ ಉಳಿಸಿಕೊಂಡೆ.

ನಿಜವಾದ ಕೆಲಸ ಇರುವುದು ಕಣ್ಣಿಗೆ ಕಾಣದ ಕಡೆ. ಮೊದಲನೆಯದು ಪಂಪಿನ ಚರ್ಮದ ವಾಶರ್. ಬಟ್ಟಲಿನ ಆಕಾರದ ಈ ಚರ್ಮ ಒಣಗಿ ಕುಗ್ಗಿದರೆ, ಎಷ್ಟು ಪಂಪು ಹೊಡೆದರೂ ಗಾಳಿ ಬದಿಯಿಂದ ಜಾರಿಹೋಗುತ್ತದೆ. ಹೊಸ ರಬ್ಬರಿನ ವಾಶರುಗಳು ಸಿಗುತ್ತವೆ, ಆದರೆ ಚರ್ಮದ ಗುಣವೇ ಬೇರೆ: ಕೆಳಗೆ ಒತ್ತುವಾಗ ಅಗಲಿಸಿ ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತದೆ, ಮೇಲೆ ಎಳೆಯುವಾಗ ಸಡಿಲಾಗಿ ಗಾಳಿಯನ್ನು ಒಳಗೆ ಬಿಡುತ್ತದೆ. ಅಥಣಿಯಲ್ಲಿ ಕೊಲ್ಲಾಪುರಿ ಚಪ್ಪಲಿ ಮಾಡುವ ಪರಿಚಿತರೊಬ್ಬರು ತೆಳುವಾದ ಚರ್ಮವನ್ನು ದುಂಡಗೆ ಕತ್ತರಿಸಿ, ನೀರಿನಲ್ಲಿ ನೆನೆಸಿ, ಮರದ ಅಚ್ಚಿನ ಮೇಲೆ ಒತ್ತಿ ಬಟ್ಟಲು ಮಾಡಿಕೊಟ್ಟರು. ಅದಕ್ಕೆ ಎಣ್ಣೆ ಕುಡಿಸುವಾಗ ನಾನು ಒಂದು ತಪ್ಪು ಮಾಡಿದೆ. ಮನೆಯಲ್ಲಿ ಕೈಗೆ ಸಿಕ್ಕ ಕುಸುಬಿ ಎಣ್ಣೆಯನ್ನೇ ಹಚ್ಚಿದೆ. ಕೆಲವು ವಾರಗಳಲ್ಲಿ ಚರ್ಮ ಗೋಂದು ಬಳಿದಂತೆ ಅಂಟಂಟಾಗಿ ಕೊಳವೆಯೊಳಗೆ ಹಿಡಿದುಕೊಂಡಿತು. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಪೊರೆಗಟ್ಟುವ ಜಾತಿಯದು, ಆದ್ದರಿಂದಲೇ ಅದನ್ನು ಬಣ್ಣ ಮತ್ತು ವಾರ್ನಿಷ್ ತಯಾರಿಕೆಯಲ್ಲಿ ಬಳಸುತ್ತಾರೆ. ಔಡಲೆಣ್ಣೆ (ಹರಳೆಣ್ಣೆ) ಹಾಗೆ ಒಣಗುವುದಿಲ್ಲ. ಎರಡನೆಯ ವಾಶರನ್ನು ಒಂದು ರಾತ್ರಿ ಔಡಲೆಣ್ಣೆಯಲ್ಲಿ ನೆನೆಸಿಟ್ಟೆ, ಅದು ಇಂದಿಗೂ ಮೆತ್ತಗಿದೆ.

ಪಂಪಿನ ಕೊಳವೆಯ ತಳದಲ್ಲಿ ಒಂದು ಪುಟ್ಟ ವಾಲ್ವು ಇರುತ್ತದೆ. ಸ್ಪ್ರಿಂಗಿನ ತುದಿಯಲ್ಲಿ ಕಡಲೆಕಾಳಿಗಿಂತ ಸಣ್ಣ ರಬ್ಬರಿನ ಬಿಲ್ಲೆ. ಗಾಳಿಯನ್ನು ಒಳಗೆ ಬಿಟ್ಟು ಹೊರಗೆ ಬಿಡದಿರುವುದು ಅದರ ಕೆಲಸ. ಹಿಡಿಕೆ ತಾನಾಗಿಯೇ ಮೇಲೇಳುತ್ತಿದ್ದರೆ ಅಥವಾ ಪಂಪಿನೊಳಗೆ ಎಣ್ಣೆ ಬಂದಿದ್ದರೆ ಈ ಬಿಲ್ಲೆ ಕೆಟ್ಟಿದೆಯೆಂದೇ ಅರ್ಥ. ಸ್ಟೋವು ರಿಪೇರಿಯ ಅಂಗಡಿಗಳಲ್ಲಿ ಇದು ಇನ್ನೂ ದೊರೆಯುತ್ತದೆ. ಅದನ್ನು ಬದಲಾಯಿಸಿ, ಎಣ್ಣೆಯಿಲ್ಲದ ಟಾಕಿಗೆ ಗಾಳಿ ತುಂಬಿ, ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ನೋಡಿದೆ. ಬೆಸುಗೆಗಳಿಂದ ಒಂದು ಗುಳ್ಳೆಯೂ ಏಳಲಿಲ್ಲ. ಮುಚ್ಚಳದ ಮೇಲಿನ ಒತ್ತಡಮಾಪಕದ ಬುಡದಿಂದ ಮಾತ್ರ ಸಣ್ಣ ಗುಳ್ಳೆಗಳ ಸಾಲು ಬಂದಿತು, ಅದಕ್ಕೆ ಹೊಸ ವಾಶರ್ ಸಾಕಾಯಿತು.

ಆವಿ ಮಾಡುವ ಕೊಳವೆ ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡಿತು. ವರ್ಷಾನುಗಟ್ಟಲೆ ಉರಿದ ಎಣ್ಣೆಯ ಕರಿ ಒಳಗೆ ಕಲ್ಲಿನಂತೆ ಗಟ್ಟಿಯಾಗಿತ್ತು. ಸೈಕಲ್ ಬ್ರೇಕಿನ ಒಳತಂತಿಯ ತುದಿಯನ್ನು ಬಿಚ್ಚಿ ಎಳೆಎಳೆಯಾಗಿಸಿ, ಕೊಳವೆಯ ಸುರುಳಿಯಲ್ಲಿ ತೂರಿಸಿ ತಿರುವುತ್ತ ಎರಡು ದಿನ ಕರಿ ಕೆರೆದು ತೆಗೆದೆ. ಆವಿ ಚಿಮ್ಮುವ ತುದಿಯಾದ ನಿಪ್ಪಲಿನ ರಂಧ್ರಕ್ಕೆ ಮಾತ್ರ ಬೇರೆ ಯಾವ ತಂತಿಯನ್ನೂ ತೂರಿಸಬಾರದು; ರಂಧ್ರ ಕೂದಲೆಳೆಯಷ್ಟು ಅಗಲವಾದರೂ ಎಣ್ಣೆ ಹೆಚ್ಚಾಗಿ, ಗಾಳಿ ಸಾಲದೆ ಮ್ಯಾಂಟಲ್ ಕಪ್ಪಾಗುತ್ತದೆ. ಅದನ್ನು ಸ್ವಚ್ಛಮಾಡಲೆಂದೇ ದೀಪದೊಳಗೆ ಸೂಜಿಯೊಂದಿದೆ, ಬದಿಯ ಚಕ್ರ ತಿರುವಿದರೆ ಅದು ಮೇಲೆದ್ದು ರಂಧ್ರವನ್ನು ಚುಚ್ಚಿ ಮತ್ತೆ ಇಳಿಯುತ್ತದೆ. ನಿಪ್ಪಲಿನ ತುದಿಗೂ ಅದರ ಮೇಲಿನ ಗಾಳಿ ಬೆರೆಯುವ ಕೊಳವೆಯ ಬಾಯಿಗೂ ಸುಮಾರು 15 ಮಿಲಿಮೀಟರ್ ಅಂತರವಿರಬೇಕು.

ಇನ್ನು ಮ್ಯಾಂಟಲ್. ಆಸ್ಟ್ರಿಯಾದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್, ಹೈಡೆಲ್‌ಬರ್ಗಿನಲ್ಲಿ ಬುನ್ಸೆನ್ನರ ಶಿಷ್ಯನಾಗಿದ್ದವನು, 1885ರಲ್ಲಿ ಇದರ ಮೊದಲ ಪೇಟೆಂಟ್ ಪಡೆದ. ಆ ಮೊದಲ ಮ್ಯಾಂಟಲಿನ ಬೆಳಕಿಗೆ ಹಸಿರು ಛಾಯೆಯಿತ್ತು, ಬೇಗ ಒಡೆಯುತ್ತಲೂ ಇತ್ತು, ಜನ ಕೊಳ್ಳಲಿಲ್ಲ. 1891ರಲ್ಲಿ ಶೇಕಡ 99ರಷ್ಟು ಥೋರಿಯಂ ಆಕ್ಸೈಡಿಗೆ ಶೇಕಡ 1ರಷ್ಟು ಸೀರಿಯಂ ಆಕ್ಸೈಡ್ ಸೇರಿಸಿದಾಗ ನಾವೆಲ್ಲ ಕಂಡ ಆ ಬೆಳ್ಳನೆಯ ಬೆಳಕು ಹುಟ್ಟಿತು. ಆ ಒಂದು ಪಾಲು ಸೀರಿಯಂ ಇಲ್ಲದಿದ್ದರೆ ಥೋರಿಯಂ ಎಷ್ಟು ಕಾದರೂ ಮಂಕಾಗಿಯೇ ಇರುತ್ತದೆಂಬುದು ನನಗೆ ಇಂದಿಗೂ ಬೆರಗಿನ ಸಂಗತಿ. ತಿರುವಾಂಕೂರಿನ ಕಡಲತೀರದ ಮರಳಿನಲ್ಲಿ ಥೋರಿಯಂ ಇರುವ ಮೊನಜೈಟ್ ಖನಿಜವನ್ನು ಜರ್ಮನಿಯವರು ಹುಡುಕಿಕೊಂಡು ಬಂದದ್ದೂ ಈ ಮ್ಯಾಂಟಲಿಗಾಗಿಯೇ. ಥೋರಿಯಂ ಅಲ್ಪ ಪ್ರಮಾಣದಲ್ಲಿ ವಿಕಿರಣಶೀಲವಾದದ್ದು. ಹಳೆಯ ಮ್ಯಾಂಟಲಿನ ಬೂದಿಯನ್ನು ಊದಬಾರದು, ಮುಟ್ಟಿದರೆ ಕೈ ತೊಳೆಯಬೇಕು. ಈಗ ಥೋರಿಯಂ ಬದಲು ಯಿಟ್ರಿಯಂ ಬಳಸಿದ ಮ್ಯಾಂಟಲುಗಳು ದೊರೆಯುತ್ತವೆ, ನಾನು ಅವನ್ನೇ ಕಟ್ಟುತ್ತೇನೆ.

ಹೊತ್ತಿಸುವ ಕ್ರಮದಲ್ಲಿ ಅವಸರ ಸಲ್ಲದು. ಟಾಕಿಗೆ ಸುಮಾರು ಒಂದು ಲೀಟರ್ ಶುದ್ಧ ಬಿಳಿ ಚಿಮಣಿ ಎಣ್ಣೆಯನ್ನು ಸೋಸಿ ಹಾಕುತ್ತೇನೆ. ಪೆಟ್ರೋಲನ್ನಂತೂ ಇಂಥ ದೀಪಕ್ಕೆ ಎಂದಿಗೂ ಹಾಕಬಾರದು, ಅದು ಸ್ಫೋಟಕ್ಕೆ ದಾರಿ. ಕೊಳವೆಯ ಬುಡದ ಬಟ್ಟಲಿನಲ್ಲಿ ಸ್ಪಿರಿಟ್ ಸುರಿದು ಹಚ್ಚಿ, ಅದು ಪೂರ್ತಿ ಉರಿದು ಮುಗಿಯುವ ಹಂತಕ್ಕೆ ಬಂದಾಗ ಮುಚ್ಚಳದ ಗಾಳಿತಿರುಪನ್ನು ಬಿಗಿದು ಪಂಪು ಹೊಡೆಯಬೇಕು. ಮೊದಲ ಸಲ ನಾನು ಸ್ಪಿರಿಟ್ ಅರ್ಧ ಉರಿಯುವಾಗಲೇ ಪಂಪು ಹೊಡೆದೆ. ಆವಿಯಾಗದ ಎಣ್ಣೆ ಹಾಗೆಯೇ ಮೇಲೆ ಬಂದು ಟೋಪಿಯ ತುಂಬ ಹಳದಿ ಜ್ವಾಲೆ ಎದ್ದಿತು. ತಿರುಪನ್ನು ಸಡಿಲಿಸಿ ಒತ್ತಡ ಬಿಟ್ಟೊಡನೆ ಇಳಿಯಿತು. ಅಂಗಳದಲ್ಲಿ ಹಚ್ಚಿದ್ದರಿಂದ ಅನಾಹುತವಾಗಲಿಲ್ಲ. ಬಾಗಿಲು ಹಾಕಿದ ಕೋಣೆಯಲ್ಲಿ ಇದನ್ನು ಯಾರೂ ಹಚ್ಚಬಾರದು, ಬೆಂಕಿಯ ಭಯಕ್ಕಷ್ಟೇ ಅಲ್ಲ, ಕಾರ್ಬನ್ ಮಾನಾಕ್ಸೈಡಿನ ಭಯಕ್ಕೂ.

ಎರಡನೆಯ ಸಲ ಕಾದೆ. ಮ್ಯಾಂಟಲಿನ ಅರಿವೆ ಸುಟ್ಟು, ಕುಗ್ಗಿ, ಬೂದಿಯ ಗೂಡಾಗಿ ನಿಂತಿತು. ಮೊದಲು ನೀಲಿ, ಆಮೇಲೆ ತುಸು ಕೆಂಪು, ಮಾಪಕದ ಮುಳ್ಳು ಕೆಂಪು ಗೆರೆಯತ್ತ ಏರುತ್ತಿದ್ದಂತೆ ಒಮ್ಮೆಲೆ ಅಂಗಳದ ಬೇವಿನಮರದ ಎಲೆ ಎಲೆಯೂ ಕಾಣಿಸಿತು. ಆ ಸುಂಯ್ ಎಂಬ ಸದ್ದು ಕೇಳಿ, ಎಂಬತ್ತು ದಾಟಿದ ನಮ್ಮ ಸೋದರತ್ತೆ ಒಳಗಿನಿಂದ ಗೋಡೆ ಹಿಡಿದು ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತರು. ಅವರ ಮದುವೆಯ ಮೆರವಣಿಗೆಯ ಮುಂದೆ ಇದೇ ಬತ್ತಿಗಳು ಹೋಗಿದ್ದವಂತೆ.

ಕಳೆದ ಜಾತ್ರೆಯಲ್ಲಿ ಪಾರಿಜಾತದವರು ಕೇಳಿಕೊಂಡದ್ದರಿಂದ, ಆಟದ ಮೊದಲ ಭಾಗಕ್ಕೆ ವಿದ್ಯುದ್ದೀಪಗಳನ್ನು ಆರಿಸಿ ಇದೊಂದನ್ನೇ ರಂಗದ ಮುಂದೆ ತೂಗುಹಾಕಿದೆವು. ಒಂದು ತುಂಬು ಟಾಕಿ ಸುಮಾರು ಎಂಟು ತಾಸು ಉರಿಯುತ್ತದೆ, ಆದರೆ ನಡುನಡುವೆ ಒತ್ತಡ ಇಳಿದಂತೆ ಬೆಳಕು ಕೆಂಪಡರುತ್ತದೆ. ಆಗ ಏಣಿ ಹತ್ತಿ ಹತ್ತಿಪ್ಪತ್ತು ಪಂಪು ಹೊಡೆಯಬೇಕು. ಮೇಳದ ಹಾಡು ಏರಿದಾಗಲೇ ನಾನು ಏಣಿ ಹತ್ತುತ್ತಿದ್ದೆ, ಪಂಪಿನ ಸದ್ದು ಸಂಭಾಷಣೆಗೆ ಅಡ್ಡಬರಬಾರದೆಂದು. ಒಂದೇ ದೀಪದ ಬೆಳಕಿನಲ್ಲಿ ಪಾತ್ರಧಾರಿಗಳು ತಾವಾಗಿಯೇ ಮುಂದೆ ಸರಿದು, ಪ್ರೇಕ್ಷಕರ ಹತ್ತಿರ ಬಂದು ಆಡಿದರು.

ಬೆಳಗಿನ ಬಸ್ಸಿನಲ್ಲಿ ದೀಪವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ. ಆದರೂ ಮುಧೋಳ ತಲುಪುವಷ್ಟರಲ್ಲಿ ಮ್ಯಾಂಟಲ್ ಉದುರಿ ಗಾಜಿನ ತಳದಲ್ಲಿ ಬಿಳಿಯ ಪುಡಿಯಾಗಿತ್ತು. ಮುಂದಿನ ಆಟಕ್ಕೆ ಕರೆ ಬಂದಿದೆ. ಈ ಸಲ ಮೂರು ಹೊಸ ಮ್ಯಾಂಟಲ್ ಮತ್ತು ಔಡಲೆಣ್ಣೆಯಲ್ಲಿ ನೆನೆಸಿದ ಇನ್ನೊಂದು ವಾಶರನ್ನು ಡಬ್ಬಿಯಲ್ಲಿ ಕಟ್ಟಿಟ್ಟಿದ್ದೇನೆ.