ಎಕ್ಸ್‌ರೇಯಲ್ಲಿ ಕಾಣದ ಹೆದರಿಕೆ

ಹೋದ ವರ್ಷ ಏಪ್ರಿಲ್ ಹೊತ್ತಿಗೆ ತೀರ್ಥಹಳ್ಳಿ ಕಡೆಯ ಗೌಡರೊಬ್ಬರು ತಮ್ಮ ಜರ್ಮನ್ ಶೆಫರ್ಡ್ ಗಂಡುನಾಯಿಯನ್ನು ಜೀಪಿನಲ್ಲಿ ಹತ್ತಿಸಿಕೊಂಡು ಶಿವಮೊಗ್ಗದ ನಮ್ಮ ಕ್ಲಿನಿಕ್ಕಿಗೆ ಬಂದರು. ಅವರಿಗೆ ಬೇಕಾಗಿದ್ದು ‘ಮೇಟಿಂಗ್‌ಗೆ ಫಿಟ್’ ಅಂತ ಒಂದು ಸರ್ಟಿಫಿಕೇಟು. ಹೊಸನಗರದ ಒಂದು ಹೆಣ್ಣು, ಕೊಪ್ಪದ ಒಂದು ಹೆಣ್ಣು ಆಗಲೇ ಮಾತಾಗಿದ್ದವು. ಹುಟ್ಟದ ಮರಿಗಳಿಗೆ ಅಡ್ವಾನ್ಸೂ ಬಂದಿತ್ತು. ನಾಯಿಗೆ ಎರಡೂವರೆ ವರ್ಷ. ಕೆನಲ್ ಕ್ಲಬ್ ಪೇಪರ್ ಇತ್ತು, ಮೈಕ್ರೋಚಿಪ್ ಇತ್ತು, ಶೋ ರಿಂಗಿನಲ್ಲಿ ನಿಲ್ಲಿಸುವಂಥ ಮೈಕಟ್ಟು.

ಪೇಪರ್ ನೋಡಿದರೆ ಅಪ್ಪ ಯಾರು, ಅಮ್ಮ ಯಾರು ಅಂತ ಗೊತ್ತಾಗುತ್ತದೆ. ಸೊಂಟದ ಕೀಲು ಹೇಗಿದೆ ಅಂತ ಗೊತ್ತಾಗುವುದಿಲ್ಲ. ಹಿಪ್ ಎಕ್ಸ್‌ರೇ ಇಲ್ಲದೆ ಬರೆದುಕೊಡುವುದಿಲ್ಲ ಅಂದೆ. ‘ನಡಿಗೆ ನೋಡಿ ಮೇಡಂ, ಕುದುರೆ ಹಂಗೆ ಹೋಗ್ತಾನೆ, ಇವನಿಗೆಂಥ ಎಕ್ಸ್‌ರೇ ಮಾರಾಯ್ರೆ’ ಅಂದರು. ಎಲ್ಲರೂ ಹಾಗೇ ಅನ್ನುತ್ತಾರೆ. ಕೀಲು ಸಡಿಲವಿರುವ ನಾಯಿಗಳು ಪ್ರಾಯದಲ್ಲಿ ಎಷ್ಟೋ ಸಲ ಏನೂ ತೋರಿಸಿಕೊಳ್ಳುವುದಿಲ್ಲ. ಮೆಟ್ಟಿಲು ಹತ್ತಲು ಹಿಂದುಮುಂದು ನೋಡುವ ವಯಸ್ಸು ಬರುವ ಹೊತ್ತಿಗೆ ಅದರ ಮಕ್ಕಳು ಮೊಮ್ಮಕ್ಕಳು ನಾಲ್ಕು ತಾಲ್ಲೂಕಿನಲ್ಲಿ ಹರಡಿರುತ್ತವೆ. ಗೌಡರು ಒಪ್ಪಿದರು.

ನಾಯಿ ಒಳಗೆ ಬಂದ ರೀತಿಯನ್ನು ಹೇಳಬೇಕು. ಬಾಗಿಲಲ್ಲೇ ನಾಲ್ಕೂ ಕಾಲು ಊರಿ ನಿಂತಿತು. ತೂಕದ ಮೆಷಿನ್ ಹತ್ತಲಿಲ್ಲ. ಬೆನ್ನಿನ ಕೂದಲೆಲ್ಲ ಎದ್ದಿತ್ತು, ಕಿವಿ ಹಿಂದಕ್ಕೆ ಅಂಟಿತ್ತು, ಬಾಲ ಹೊಟ್ಟೆಯಡಿ. ನಮ್ಮ ಅಟೆಂಡರ್ ಹುಡುಗ ಒಂದು ಹೆಜ್ಜೆ ಮುಂದಿಟ್ಟರೆ ಎಗರಿ ಬೊಗಳುವುದು, ಅವನು ನಿಂತರೆ ತಿರುಗಿ ಗೌಡರ ಕಾಲಿನ ಹಿಂದೆ ನುಗ್ಗುವುದು. ‘ಭಾರೀ ಜೋರು. ಅಡಿಕೆ ಸುಲಿಯೋಕೆ ಬರೋರು ಅಂಗಳಕ್ಕೆ ಕಾಲಿಡಲ್ಲ’ ಅಂದರು ಅವರು, ಹೆಮ್ಮೆಯಿಂದಲೇ. ನಾನು ಕೇಸ್ ಶೀಟಿನಲ್ಲಿ ‘ಅಗ್ರೆಸಿವ್, ಮಝಲ್’ ಅಂತ ಗೀಚಿ ಎಕ್ಸ್‌ರೇ ರೂಮಿಗೆ ಕಳಿಸಿದೆ. ಮೇಲೆರಗುವ ನಾಯಿ, ಬಾಯಿಗೆ ಕುಕ್ಕೆ ಹಾಕಿ ಅಂತ ಅರ್ಥ. ನಮ್ಮಲ್ಲಿ ದಿನಾ ಬರೆಯುವ ಎರಡು ಪದ ಅವು. ಫಿಲ್ಮ್ ಚೆನ್ನಾಗಿದ್ದರೆ ಸಹಿ ಹಾಕುವುದು ಅಂತಲೇ ನನ್ನ ಲೆಕ್ಕವೂ ಇತ್ತು.

ಅಮಲು ಬರಿಸುವ ಕ್ಸೈಲಾಜಿನ್ ಕೊಟ್ಟರೆ ನಾಯಿ ವಾಂತಿ ಮಾಡುತ್ತದೆ, ಹಾಗಾಗಿ ಇಂಜೆಕ್ಷನ್ ಆದಮೇಲೆ ಮಝಲ್ ಬಿಚ್ಚಲೇಬೇಕು. ಬಿಚ್ಚಿದೆವು. ವಾಂತಿ ಆಯಿತು, ಕಾಲು ತೊಡರಿತು, ಮಲಗಿತು. ಬೆರಳ ಸಂದು ಹಿಂಡಿದರೂ ಕಾಲು ಎಳೆದುಕೊಳ್ಳಲಿಲ್ಲ. ಅಂಗಾತ ಮಲಗಿಸಿ, ಹಿಂಗಾಲು ಎರಡನ್ನೂ ನೆಟ್ಟಗೆ ಎಳೆದು, ಮಂಡಿಚಿಪ್ಪು ನಡುವಿಗೆ ಬರುವಂತೆ ಒಳಕ್ಕೆ ತಿರುಗಿಸಿ ಹಿಡಿಯಬೇಕು. ಸೊಂಟ ಚೂರು ವಾಲಿದರೂ ಒಂದು ಕಡೆಯ ಕೀಲು ಇರುವುದಕ್ಕಿಂತ ಚೆನ್ನಾಗಿ, ಇನ್ನೊಂದು ಕಡೆಯದು ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಮೊದಲ ಶಾಟ್ ವಾಲಿತ್ತು. ಎರಡನೆಯದಕ್ಕೆ ಹೊರಟರೆ ಎಕ್ಸ್‌ರೇ ಚಿತ್ರವನ್ನು ಸ್ಕ್ರೀನಿಗೆ ತರುವ ನಮ್ಮ ರೀಡರ್ ಹ್ಯಾಂಗ್. ಆ ಮೆಷಿನ್ ಬದಲಾಯಿಸಿ ಅಂತ ಪ್ರತಿ ಮೀಟಿಂಗಿನಲ್ಲೂ ಹೇಳುತ್ತೇವೆ, ಪ್ರತಿ ಸಲವೂ ಮುಂದಿನ ಕ್ವಾರ್ಟರ್ ಅನ್ನುತ್ತಾರೆ. ಪೇಷಂಟ್ ಅಮಲಿನಲ್ಲಿ ಟೇಬಲ್ ಮೇಲಿರುವಾಗ ಸ್ಕ್ರೀನ್ ಮೇಲೆ ತಿರುಗುವ ಚಕ್ರ ನೋಡುತ್ತ ನಿಲ್ಲುವುದು ಎಂಥ ಕಷ್ಟ ಅಂತ ಮೀಟಿಂಗಿನಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ.

ಅಷ್ಟರಲ್ಲಿ ಪಕ್ಕದ ಅಂಗಡಿಯವರು ಮಧ್ಯಾಹ್ನದ ಊಟಕ್ಕೆ ಷಟರ್ ಎಳೆದರು.

ಒಂದು ಕ್ಷಣದ ಹಿಂದೆ ಹೆಣದ ಹಾಗೆ ಮಲಗಿದ್ದ ನಾಯಿ ತಲೆ ಎತ್ತಿತು. ಹುಡುಗನ ಮೊಣಕೈ ಕೆಳಗೆ ಬಾಯಿ ಹಾಕಿತು. ಲೆಡ್ ಗ್ಲೌಸ್ ಹಾಕಿದ್ದ, ಪುಣ್ಯ. ದಪ್ಪ ರಬ್ಬರಿನ ಮೇಲೆ ಹಲ್ಲು ಊರಿದ ಸದ್ದು ನನಗೆ ಟೇಬಲ್‌ನ ಈ ಬದಿಗೆ ಕೇಳಿಸಿತು. ಹುಡುಗ ಕೈ ಎಳೆಯಲಿಲ್ಲ, ಕೂಗಲೂ ಇಲ್ಲ. ಎಳೆದಿದ್ದರೆ ಗ್ಲೌಸ್ ಕಳಚಿ ಬರಿಗೈ ಸಿಗುತ್ತಿತ್ತು. ನಾನು ಕುತ್ತಿಗೆಯ ಹಿಂದೆ ಕೈ ಇಟ್ಟು ನಿಂತೆ. ಒತ್ತಲಿಲ್ಲ, ಸುಮ್ಮನೆ ಇಟ್ಟೆ. ನಾಯಿಯ ಕಣ್ಣಿನ ಪಾಪೆ ಪೂರ್ತಿ ಅಗಲವಾಗಿತ್ತು, ಅದು ನಮ್ಮಲ್ಲಿ ಯಾರನ್ನೂ ನೋಡುತ್ತಿರಲಿಲ್ಲ. ಟೇಬಲ್ ತುಂಬ ಮೂತ್ರ. ಗುದದ ಗ್ರಂಥಿ ಖಾಲಿಯಾದ ಆ ಕೆಟ್ಟ ವಾಸನೆ ರೂಮೆಲ್ಲ ತುಂಬಿತು. ಈ ಕೆಲಸದಲ್ಲಿರುವವರಿಗೆ ಆ ವಾಸನೆ ಬಂದರೆ ಬೇರೆ ಯಾರೂ ಏನೂ ಹೇಳಬೇಕಾಗಿಲ್ಲ. ಅದು ಕೋಪದ ವಾಸನೆ ಅಲ್ಲ. ನಾಯಿ ಹೆದರಿ ಪ್ರಾಣ ಬಿಡುವುದೊಂದು ಬಾಕಿ. ಬಾಯಿ ಸಡಿಲವಾಗುವವರೆಗೆ ಯಾರೂ ಉಸಿರೆತ್ತಲಿಲ್ಲ.

ಆಮೇಲೆ ಫಿಲ್ಮ್ ಸರಿಯಾಗಿಯೇ ಬಂತು. ಎರಡೂ ಕಡೆ ತೊಡೆಮೂಳೆಯ ಗುಂಡು ಬಟ್ಟಲಿನಲ್ಲಿ ಆಳವಾಗಿ ಕೂತಿತ್ತು. ಕೀಲು ಎಷ್ಟು ಬಿಗಿಯಾಗಿ ಕೂತಿದೆ ಅಂತ ಅಳೆಯುವ ನಾರ್ಬರ್ಗ್ ಕೋನ ಎರಡೂ ಕಡೆ 105 ಡಿಗ್ರಿಗಿಂತ ಮೇಲೆ, ಅಂದರೆ ಒಳ್ಳೆಯದೇ. ಮೊಣಕೈ ಕ್ಲೀನ್. ಡಿಎಂ ಸ್ವಾಬ್ ರಿಪೋರ್ಟ್ ಕೂಡ ಕೆಲ ದಿನಗಳಲ್ಲಿ ಕ್ಲಿಯರ್ ಅಂತ ಬಂತು, ಅಂದರೆ ವಯಸ್ಸಾದಮೇಲೆ ಹಿಂಗಾಲು ಸ್ವಾಧೀನ ತಪ್ಪಿಸುವ ಆ ಕಾಯಿಲೆಯ ಜೀನು ಇವನಲ್ಲಿಲ್ಲ. ಮೇಟಿಂಗಿನಲ್ಲಿ ಹರಡುವ ಬ್ರೂಸೆಲ್ಲಾ ಸೋಂಕು ನೆಗೆಟಿವ್. ನಮ್ಮ ಫಾರ್ಮಿನಲ್ಲಿ ಎಷ್ಟು ಕಾಲಂ ಇದೆಯೋ ಅಷ್ಟಕ್ಕೂ ಟಿಕ್ ಬಿತ್ತು. ಸ್ವಭಾವಕ್ಕೆ ಅಂತ ಕಾಲಂ ಇಲ್ಲ.

ಅಮಲಿನಲ್ಲಿದ್ದ ನಾಯಿ ಬೆಚ್ಚಿದ್ದನ್ನು ಹಿಡಿದುಕೊಂಡು ತೀರ್ಪು ಕೊಡುವುದು ಅನ್ಯಾಯ. ಕ್ಸೈಲಾಜಿನ್ ಕೊಟ್ಟಾಗ ಬಲು ಸಾಧು ನಾಯಿಯೂ ದಿಢೀರ್ ಶಬ್ದಕ್ಕೆ ಎದ್ದು ಕಚ್ಚಬಹುದು. ಅದಕ್ಕೇ ಸಹಿ ತಡೆದು, ಇನ್ನೊಂದು ದಿನ ಯಾವ ಔಷಧಿಯೂ ಇಲ್ಲದೆ ಕರೆದುಕೊಂಡು ಬನ್ನಿ ಅಂದೆ. ಬಂದರು. ಕ್ಲಿನಿಕ್ ಹಿಂದಿನ ಖಾಲಿ ಜಾಗದಲ್ಲಿ ಬಿಟ್ಟು, ದೂರದಲ್ಲಿ ಒಂದು ಸ್ಟೀಲ್ ತಟ್ಟೆ ಕೈಬಿಟ್ಟೆ. ಬೆಚ್ಚುವುದು ತಪ್ಪಲ್ಲ, ಯಾವ ನಾಯಿಯಾದರೂ ಬೆಚ್ಚುತ್ತದೆ. ಬೆಚ್ಚಿದಮೇಲೆ ಏನು ಮಾಡುತ್ತದೆ ಅನ್ನುವುದನ್ನು ನೋಡಬೇಕು. ಒಳ್ಳೆಯ ಎದೆಯ ನಾಯಿ ಸ್ವಲ್ಪ ಹೊತ್ತಿಗೆ ಹತ್ತಿರ ಹೋಗಿ ತಟ್ಟೆಯನ್ನು ಮೂಸಿ ನೋಡುತ್ತದೆ. ಇವನು ಜೀಪಿನಡಿಗೆ ನುಗ್ಗಿದ. ಅಲ್ಲಿಂದ ಹೊರಡಿಸಲು ಗೌಡರೇ ಮೊಣಕಾಲೂರಿ ಕೂತು ಕರೆಯಬೇಕಾಯಿತು. ನಮ್ಮ ಹುಡುಗ ಮಳೆಗೆ ತಲೆಯಿಂದ ಹೊದೆಯುವ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಸುಮ್ಮನೆ ಆಚೆಯಿಂದ ನಡೆದು ಹೋದ, ನಾಯಿಯ ಕಡೆ ತಿರುಗಿಯೂ ನೋಡಲಿಲ್ಲ. ಅವನನ್ನು ಕಂಡರೂ ನಾಯಿಯದು ಅದೇ ಗತಿ, ಎಗರುವುದು, ಹಿಂದೆ ಓಡುವುದು, ನಡುಗುವುದು. ಮಲೆನಾಡಿನಲ್ಲಿ ಮಳೆಗಾಲ ಪೂರ್ತಿ ಕೊಪ್ಪೆ ಹಾಕಿದವರನ್ನು ನೋಡಿ ಬೆಳೆದ ನಾಯಿ!

ಒಡಹುಟ್ಟಿದವು ಹೇಗಿವೆ ಅಂತ ಕೇಳಿದೆ. ಒಂದು ಸಾಗರದ ಕಡೆ ಇದೆ, ದೀಪಾವಳಿ ಬಂದರೆ ಅಟ್ಟದಿಂದ ಇಳಿಯುವುದಿಲ್ಲವಂತೆ. ತಾಯಿಯ ಹತ್ತಿರ ಮರಿ ನೋಡಲು ಹೋದಾಗ ಅವಳನ್ನು ಕೋಣೆಯಲ್ಲಿ ಕೂಡಿಹಾಕಿಯೇ ಮರಿ ತೋರಿಸಿದ್ದರಂತೆ. ಅಂಜುಬುರುಕುತನ ರಕ್ತದಲ್ಲೂ ಬರುತ್ತದೆ, ಸಾಕಿದ ರೀತಿಯಲ್ಲೂ ಬರುತ್ತದೆ. ಒಂದೇ ನಾಯಿಯನ್ನು ನೋಡಿ ಯಾವುದೆಷ್ಟು ಅಂತ ಹೇಳಲು ಯಾರಿಗೂ ಆಗುವುದಿಲ್ಲ. ತಾಯಿ, ಮಗ, ಬೇರೆ ಮನೆಯಲ್ಲಿ ಬೆಳೆದ ಅಣ್ಣತಮ್ಮ ಎಲ್ಲರಲ್ಲೂ ಅದೇ ಕಂಡರೆ ನಾನು ಸಹಿ ಹಾಕುವುದಿಲ್ಲ.

‘ಎಲ್ಲ ನಾರ್ಮಲ್ ಅಂದ್ರಲ್ಲ ಮೇಡಂ, ಮತ್ತೆ ಇದೆಂಥದು? ಕಾವಲು ನಾಯಿ ಕಚ್ಚದೆ ಮುತ್ತು ಕೊಡ್ತದಾ?’ ಗೌಡರಿಗೆ ನಿಜಕ್ಕೂ ಸಿಟ್ಟು ಬಂದಿತ್ತು.

ಈ ನಾಯಿಯ ಮೂಲ ಕೆಲಸ ಕುರಿ ಕಾಯುವುದು ಅಂತ ಅವರಿಗೆ ಹೇಳಿದೆ. 1899ರಲ್ಲಿ ಜರ್ಮನಿಯಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಕುದುರೆಪಡೆಯ ಅಧಿಕಾರಿ ಈ ತಳಿಯ ಸಂಘ ಕಟ್ಟಿದಾಗ ಪಟ್ಟಿಯಲ್ಲಿ ಮೊದಲು ಬರೆಸಿದ್ದು ಹೋರಾಂಡ್ ಎಂಬ ನಾಯಿಯನ್ನು. ಅಲ್ಲಿ ಕುರಿಮಂದೆಗೂ ಪಕ್ಕದ ಪೈರಿಗೂ ನಡುವೆ ಬೇಲಿ ಇರಲಿಲ್ಲ, ನಾಯಿಯೇ ಬೇಲಿ. ಸಾಲಿನ ಉದ್ದಕ್ಕೂ ದಿನವಿಡೀ ಆಚೀಚೆ ಓಡಬೇಕು, ಕುರಿಗೆ ಗಾಯ ಮಾಡಬಾರದು, ದಾರಿಯಲ್ಲಿ ಗಾಡಿ ಬಂದರೆ ಬೆದರಬಾರದು. ನಾಯಿ ಬೆದರಿದರೆ ಮಂದೆಯೇ ಚದುರುತ್ತದೆ. ಇವತ್ತಿಗೂ ಅಲ್ಲಿನ ಸಂಘದವರು ತಳಿಗೆ ಆರಿಸುವಾಗ ಸೊಂಟ, ಮೊಣಕೈ ಎಕ್ಸ್‌ರೇ ಜೊತೆಗೆ ಸೈಕಲ್ ಪಕ್ಕದಲ್ಲಿ 20 ಕಿಲೋಮೀಟರ್ ಓಡಿಸುತ್ತಾರೆ, ಗುಂಡಿನ ಸದ್ದಿಗೆ ಏನು ಮಾಡುತ್ತದೆ ನೋಡುತ್ತಾರೆ. ಕೆಲಸದ ಪರೀಕ್ಷೆ ಅಥವಾ ಕುರಿ ಕಾಯುವ ಪರೀಕ್ಷೆ ಪಾಸಾಗಬೇಕು.

ನಿಮ್ಮ ತೋಟದ ಲೆಕ್ಕದಲ್ಲೇ ನೋಡಿ ಗೌಡ್ರೇ, ಅಂದೆ. ಅಡಿಕೆ ಕೊನೆ ಹಗ್ಗದ ಮೇಲೆ ಸರ್ರನೆ ಜಾರಿ ಬರುತ್ತದೆ, ಸುಲಿಯುವ ಚಪ್ಪರದಲ್ಲಿ ರಾತ್ರಿ ಹತ್ತಾದರೂ ಜನ, ಅವರ ಮಕ್ಕಳು ಅಲ್ಲೇ ಗೋಣಿ ಹಾಸಿ ಮಲಗಿರುತ್ತವೆ. ಧೈರ್ಯವಿರುವ ನಾಯಿ ಗೇಟಿನಲ್ಲಿ ನಿಂತು ಬೊಗಳುತ್ತದೆ, ನೀವು ಸಾಕು ಅಂದರೆ ನಿಲ್ಲಿಸುತ್ತದೆ. ಹೆದರಿದ ನಾಯಿಗೆ ಕಳ್ಳ ಯಾರು, ಮಗು ಯಾರು ಅಂತ ಗೊತ್ತಾಗುವುದಿಲ್ಲ. ಹತ್ತಿರ ಇದ್ದವರನ್ನು ಕಚ್ಚುತ್ತದೆ. ಇಂಥ ಗಂಡಿನಿಂದ ಎರಡು ಸೂಲು ಮರಿ ಹುಟ್ಟಿಸಿ ಎಂಟು ಹತ್ತು ಮನೆಗೆ ಹಂಚಿದರೆ ಅಷ್ಟೂ ಮನೆಯ ಮಕ್ಕಳ ಹೊಣೆ ನಮ್ಮ ಮೇಲೆ.

ಅವರು ಫಿಲ್ಮ್ ತೆಗೆದುಕೊಂಡು ಹೋದರು, ಸರ್ಟಿಫಿಕೇಟ್ ತೆಗೆದುಕೊಳ್ಳಲಿಲ್ಲ. ನಾನು ‘ಇತರೆ’ ಅನ್ನುವ ಜಾಗದಲ್ಲಿ ‘ಅತಿ ಭಯ, ಶಬ್ದಕ್ಕೆ ಚೇತರಿಕೆ ಇಲ್ಲ, ತಳಿಗೆ ಬೇಡ’ ಅಂತ ಬರೆದಿದ್ದೆ. ಸಂಜೆ ಮ್ಯಾನೇಜ್‌ಮೆಂಟಿನಿಂದ ಫೋನು. ಫಾರ್ಮಿನಲ್ಲಿ ಇಲ್ಲದ್ದನ್ನು ಯಾಕೆ ಬರೆಯುತ್ತೀರಿ, ಒಳ್ಳೆ ಕ್ಲೈಂಟು, ಇನ್ನು ಲಸಿಕೆಗೂ ಬರುವುದಿಲ್ಲ. ಕ್ಲೈಂಟ್ ಹೋದರೆ ಬೇಜಾರು ನನಗೂ ಆಗುತ್ತದೆ. ಆದರೆ ಕಚ್ಚಿಸಿಕೊಂಡ ಮಗುವಿನ ಅಪ್ಪ ಅಮ್ಮ ಯಾವ ಕೌಂಟರಿನಲ್ಲಿ ಹೋಗಿ ಕೇಳಬೇಕು? ಫಾರ್ಮಿನಲ್ಲಿ ಕಾಲಂ ಸೇರಿಸಿ ಅಂತ ಲಿಖಿತವಾಗಿ ಕೊಟ್ಟಿದ್ದೇನೆ. ಅಲ್ಲಿಯವರೆಗೆ ಕೈಬರಹದಲ್ಲೇ ಬರೆಯುತ್ತೇನೆ.

ಕೊಪ್ಪದವರು ಸರ್ಟಿಫಿಕೇಟ್ ಇಲ್ಲದೆಯೇ ಮೇಟಿಂಗ್ ಮಾಡಿಸಿದರು. ಗಬ್ಬ 63 ದಿನ, ಮರಿ ಬಿದ್ದದ್ದು ಜಡಿಮಳೆಯಲ್ಲಿ. ಒಂಟಿ ಮನೆ, ಕೊಟ್ಟಿಗೆಯ ಮೂಲೆ, ಮನೆಯವರಿಬ್ಬರನ್ನು ಬಿಟ್ಟರೆ ಮನುಷ್ಯರ ಮುಖವಿಲ್ಲ. ಮರಿ ಜಗತ್ತನ್ನು ಒಪ್ಪಿಕೊಳ್ಳುವುದು ಮೂರನೇ ವಾರದಿಂದ ಹನ್ನೆರಡನೇ ವಾರದವರೆಗೆ. ಆ ದಿನಗಳು ಮಳೆಯ ಸದ್ದಿನಲ್ಲೇ ಕಳೆದುಹೋದರೆ ಆಮೇಲೆ ತುಂಬಿಸುವುದು ಬಹಳ ಕಷ್ಟ. ರಕ್ತವೂ ಅಂಜುಬುರುಕು, ಕಾಲವೂ ಅದೇ. ಅಲ್ಲಿಂದ ಒಂದು ಹೆಣ್ಣುಮರಿ ಲಸಿಕೆಗೆ ಬಂದಿತ್ತು, ಟೇಬಲ್ ಮೇಲೆ ಇಟ್ಟ ಕೂಡಲೇ ನೀರು ಮಾಡಿಕೊಂಡಿತು. ನೆಲಕ್ಕೆ ಬಿಡಬೇಡಿ, ಮರಿಗಳನ್ನು ಕೊಲ್ಲುವ ಪಾರ್ವೋ ವೈರಸ್ಸಿನ ಭಯ ಇದೆ, ಆದರೆ ದಿನಾ ಹೆಗಲ ಮೇಲೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ, ಶಾಲೆ ಗೇಟಿಗೆ ಹೋಗಿ ನಿಲ್ಲಿ ಅಂದೆ. ದೊಡ್ಡ ತಳಿ ಅಂತ ಕ್ಯಾಲ್ಸಿಯಂ ಸುರಿಯಬೇಡಿ, ನಯವಾದ ರೆಡಾಕ್ಸೈಡ್ ನೆಲದ ಮೇಲೆ ಓಡಿಸಬೇಡಿ ಅಂತಲೂ ಹೇಳಿದೆ. ಎರಡು ವರ್ಷಕ್ಕೆ ಎಕ್ಸ್‌ರೇ ಏನೇ ಬರಲಿ, ಮರಿ ಮಾತ್ರ ಹಾಕಿಸಬೇಡಿ ಅಂತಲೂ.

ಹೊಸನಗರದವರು ಕಾದರು. ಆ ಹೆಣ್ಣಿಗೂ ಸೊಂಟ ನೋಡಿಸಿ, ಉಣುಗಿನ ಜ್ವರ ಇದೆಯಾ ಅಂತ ರಕ್ತ ಪರೀಕ್ಷೆ ಮಾಡಿಸಿ, ಸರಿಯಾದ ದಿನ ತಿಳಿಯಲು ಪ್ರೊಜೆಸ್ಟರಾನ್ ಹಾರ್ಮೋನ್ ನೋಡಿಕೊಂಡು ಅಕ್ಟೋಬರಿನ ಬೆದೆಯಲ್ಲಿ ಭದ್ರಾವತಿಯ ಒಂದು ಗಂಡಿಗೆ ಕೊಟ್ಟೆವು. ಅದರ ಸೊಂಟ ಬಿ ಗ್ರೇಡ್, ಅಂದರೆ ಅತ್ಯುತ್ತಮವಾದ ಎ ಗ್ರೇಡಿಗಿಂತ ಒಂದು ಮೆಟ್ಟಿಲು ಕೆಳಗೆ, ಬಣ್ಣ ಸಾಧಾರಣ, ಶೋದಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ತಟ್ಟೆ ಬಿದ್ದರೆ ಹೋಗಿ ಅದರಲ್ಲಿ ಏನಿದೆ ಅಂತ ನೆಕ್ಕಿ ನೋಡುತ್ತದೆ. ಎ ಗ್ರೇಡ್ ಸೊಂಟದ ಹೆದರುಪುಕ್ಕಲನಿಗಿಂತ ಈ ಬಿ ಗ್ರೇಡ್ ಗಂಡು ನನಗೆ ಸಾವಿರ ಪಾಲು ಮೇಲು. ಮರಿ ಹುಟ್ಟಿದ್ದು ಡಿಸೆಂಬರಿನಲ್ಲಿ, ಅಡಿಕೆ ಸುಗ್ಗಿಯ ನಡುವೆ. ಕಣ್ಣು ಬಿಡುವ ಹೊತ್ತಿಗೆ ಸುತ್ತ ಸುಲಿಯುವ ಕತ್ತಿಯ ಸದ್ದು, ಬೇಯಿಸುವ ಹಂಡೆಯ ಹೊಗೆ, ಯಾರು ಯಾರದೋ ಮಕ್ಕಳ ಕೈ. ಎಂಟು ವಾರ ತುಂಬುವ ಮುಂಚೆ ಯಾರಿಗೂ ಕೊಡಲಿಲ್ಲ. ನಾಯಿ ತಳಿ ಮತ್ತು ಮಾರಾಟದ 2017ರ ನಿಯಮವೂ ಅದನ್ನೇ ಹೇಳುತ್ತದೆ. ಮರಿ ತೆಗೆದುಕೊಂಡವರೆಲ್ಲರ ಹತ್ತಿರ, ಸೊಂಟದ ಎಕ್ಸ್‌ರೇ ಆಗದೆ ಮೇಟಿಂಗ್ ಮಾಡಿಸುವುದಿಲ್ಲ, ಎಕ್ಸ್‌ರೇ ಮತ್ತು ತಟ್ಟೆಯ ಪರೀಕ್ಷೆ ಎರಡರ ಫಲಿತಾಂಶವನ್ನೂ ಹೊಸನಗರಕ್ಕೆ ತಿಳಿಸುತ್ತೇವೆ ಅಂತ ಬರೆಸಿಕೊಂಡಿದ್ದಾರೆ. ಆ ಕಾಗದದ ನಕಲು ನನ್ನ ಹತ್ತಿರವೂ ಇದೆ, ಬೇಕಾದವರು ಕೇಳಿ ತೆಗೆದುಕೊಳ್ಳಬಹುದು.