ಚಾರಣಕ್ಕೊಂದು ಸೋಲಾರ್ ಲಾಂದ್ರ: ನವೆಂಬರಿನಿಂದ ಮಾರ್ಚ್‌ವರೆಗಿನ ಟಿಪ್ಪಣಿ

ನವೆಂಬರ್ 9

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಎರಡು ರಾತ್ರಿಯ ಚಾರಣಕ್ಕೆ ಸೋಲಾರ್ ಲಾಂದ್ರ ಬೇಕಾಗಿಲ್ಲ. ತಲೆಗೆ ಕಟ್ಟುವ ಟಾರ್ಚು, ಜೊತೆಗೊಂದು ಪವರ್ ಬ್ಯಾಂಕ್ ಇದ್ದರೆ ಆಯಿತು. ಇದು ಬರೀ ಹಟ. ಹೋದ ಚಾರಣದಲ್ಲಿ ಟೆಂಟಿನೊಳಗೆ ನಾಲ್ವರು ಕೂತು, ನಾಲ್ವರೂ ಹಣೆಯ ಟಾರ್ಚಿನಿಂದ ಒಬ್ಬರ ಕಣ್ಣಿಗೊಬ್ಬರು ಬೆಳಕು ಚುಚ್ಚುತ್ತಾ ಚಿತ್ರಾನ್ನ ತಿಂದೆವು. ಮೇಲಿನಿಂದ ತೂಗುವ, ಹಗಲಿನ ಬಿಸಿಲನ್ನೇ ಕುಡಿದು ರಾತ್ರಿ ಉರಿಯುವ ದೀಪವೊಂದನ್ನು ಕೈಯಾರೆ ಮಾಡಬೇಕು ಅನ್ನಿಸಿದ್ದು ಆಗ.

ಕೊಳ್ಳುವುದಾದರೆ ಬೇಕಾದಷ್ಟಿವೆ. ಗಾಳಿ ಊದಿ ಉಬ್ಬಿಸುವ ಲೂಮಿನ್‌ಎಯ್ಡ್ ಹುಟ್ಟಿದ್ದೇ ಒಂದು ಕಥೆ. 2010ರ ಹೈಟಿ ಭೂಕಂಪದ ನಂತರ, ನಿರಾಶ್ರಿತರ ಡೇರೆಗಳಿಗೆಂದು ಕೊಲಂಬಿಯಾ ವಿಶ್ವವಿದ್ಯಾಲಯದ ಇಬ್ಬರು ವಾಸ್ತುಶಿಲ್ಪ ವಿದ್ಯಾರ್ಥಿನಿಯರು ಯೋಚಿಸಿದ ದೀಪ ಅದು. ಗಾಳಿ ತೆಗೆದರೆ ಚಪ್ಪಟೆ, ಹೀಗಾಗಿ ಒಂದು ಪೆಟ್ಟಿಗೆಯಲ್ಲಿ ಸುಮಾರು ತುಂಬಬಹುದು. ನನಗೆ ಅದರಲ್ಲಿ ಹಿಡಿಸಿದ್ದು ಆ ಮಂಜುಬಣ್ಣದ ಚೀಲ: ಕಣ್ಣಿಗೆ ಚುಚ್ಚದೆ ಬೆಳಕು ಹರಡುತ್ತದೆ. ನನ್ನ ಹತ್ತಿರ ಅದಕ್ಕೆ ಬದಲು ಅಮ್ಮನ ಮೊಸರಿನ ಡಬ್ಬಿ ಇದೆ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಪೇಟೆ ಎಸ್.ಪಿ. ರೋಡಿನಿಂದ ತಂದದ್ದು: 6 ವೋಲ್ಟಿನ 1 ವ್ಯಾಟ್ ಪ್ಯಾನಲ್ ಒಂದು, 18650 ಅನ್ನುವ ಅಳತೆಯ ಲಿಥಿಯಂ ಅಯಾನ್ ಸೆಲ್ ಒಂದು, ಚಾರ್ಜ್ ಮಾಡುವ ಟಿಪಿ4056 ಬೋರ್ಡು, 1 ವ್ಯಾಟಿನ ಎಲ್‌ಇಡಿ. ಸೆಲ್ಲಿನ ಮೇಲೆ "9800 ಎಂಎಎಚ್" ಅಂತ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು, ಅಂದರೆ 9800 ಮಿಲಿಆಂಪ್ ಕರೆಂಟನ್ನು ಒಂದು ಗಂಟೆ ಕೊಡುವಷ್ಟು ಸಂಗ್ರಹ. ಖುಷಿಯಾಗಿ ತಂದೆ. ಈ ಖುಷಿಯ ಮಾತು ಮುಂದೆ ಬರುತ್ತದೆ.

ನವೆಂಬರ್ 16

ತಾರಸಿಯಲ್ಲಿ ಮೊದಲ ಬಿಸಿಲು. ಬೋರ್ಡಿನ ಕೆಂಪು ದೀಪ ಹತ್ತುವುದು, ಆರುವುದು, ಹತ್ತುವುದು. ದೀಪಾವಳಿ ಸೀರಿಯಲ್ ಸೆಟ್ಟಿನ ಹಾಗೆ.

ಕಾರಣ ಸಿಕ್ಕಿತು. ಟಿಪಿ4056 ಮೊಬೈಲ್ ಚಾರ್ಜರಿನ ಜೊತೆ ಸಂಸಾರ ಮಾಡಲು ಹುಟ್ಟಿದ್ದು. ಎಷ್ಟು ಕರೆಂಟ್ ಕೇಳಬೇಕು ಅಂತ ನಿಗದಿ ಮಾಡುವ, ಬೋರ್ಡಿನಲ್ಲಿರುವ 1.2 ಕಿಲೋ ಓಮ್ ರೆಸಿಸ್ಟರಿನ ಲೆಕ್ಕದಲ್ಲಿ ಅದು 1 ಆಂಪ್, ಅಂದರೆ 1000 ಮಿಲಿಆಂಪ್ ಕೇಳುತ್ತದೆ. ನನ್ನ ಪ್ಯಾನಲ್ ಉರಿಬಿಸಿಲಿನಲ್ಲೂ ಕೊಡುವುದು 160 ಮಿಲಿಆಂಪ್. ಕೊಡಲಾಗದಷ್ಟು ಕೇಳಿದಾಗ ಪ್ಯಾನಲಿನ ವೋಲ್ಟೇಜ್ ಕುಸಿಯುತ್ತದೆ, ಬೋರ್ಡು ಕೈಬಿಡುತ್ತದೆ, ವೋಲ್ಟೇಜ್ ಏರುತ್ತದೆ, ಮತ್ತೆ ಕೇಳುತ್ತದೆ. ಆ ರೆಸಿಸ್ಟರ್ ಕಿತ್ತು 10 ಕಿಲೋ ಓಮ್ ಹಾಕಿದರೆ ಬೇಡಿಕೆ 130 ಮಿಲಿಆಂಪ್‌ಗೆ ಇಳಿಯುತ್ತದೆ. ಕೀಳಬೇಕಾದ್ದು ಸಾಸಿವೆ ಗಾತ್ರದ್ದು. ಮೊದಲನೆಯದು ಚಿಮ್ಮಿ ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಎರಡನೆಯದು ಕೂತಿತು. ಈಗ ಹತ್ತು ಗಂಟೆಯ ಮೇಲೆ ದೀಪ ನಿಂತು ಉರಿಯುತ್ತದೆ, ಬೆಳಗ್ಗೆ ಎಳೆ ಬಿಸಿಲಿನಲ್ಲಿ ಮಾತ್ರ ಮತ್ತದೇ ಮಿಣಮಿಣ.

ಡಿಸೆಂಬರ್ 14–15, ಮೂಡಿಗೆರೆ ಹತ್ತಿರ

ಗೆಳೆಯನ ಕಾಫಿ ತೋಟದಲ್ಲಿ ಟೆಂಟ್ ಹಾಕಿ ಮೊದಲ ಪರೀಕ್ಷೆ. ಕಾಫಿ ತೋಟ ಅಂದರೆ ನೆರಳಿನ ಬೆಳೆ ಅನ್ನುವುದು ಗೊತ್ತಿದ್ದೂ ಪ್ಯಾನಲ್ ಹಿಡಿದು ಹೋದ ಬುದ್ಧಿವಂತ ನಾನು. ಸಿಲ್ವರ್ ಓಕ್ ಮರದ ಕೆಳಗೆ, ಕರೆಂಟ್ ಅಳೆಯುವ ಮಲ್ಟಿಮೀಟರ್ 10 ಮಿಲಿಆಂಪ್ ದಾಟಲಿಲ್ಲ. ಎಲೆಗಳ ಸಂದಿಯಿಂದ ಬೀಳುವ ಬಿಸಿಲಿನ ಚುಕ್ಕೆಯೊಂದನ್ನು ಬೆನ್ನಟ್ಟಿ ಅರ್ಧ ಗಂಟೆ ಪ್ಯಾನಲ್ ಸರಿಸುತ್ತಾ ಕೂತೆ.

ತೋಟದಲ್ಲಿ ಇಡೀ ದಿನ ಬಿಸಿಲು ಬೀಳುವ ಜಾಗ ಒಂದೇ: ಕಣ. ಅರೇಬಿಕಾ ಕೊಯ್ಲು ನಡೆದಿತ್ತು, ಕಣದ ತುಂಬ ಹಣ್ಣು ಹರಡಿದ್ದರು. ಒಂದು ಮೂಲೆಯಲ್ಲಿ ನನ್ನ ಪ್ಯಾನಲ್ ಇಟ್ಟೆ. 125 ಮಿಲಿಆಂಪ್! ತೋಟದ ರೈಟರು ಬಂದು, ಸೊಂಟದ ಮೇಲೆ ಕೈಯಿಟ್ಟು ನೋಡಿದರು.

"ಏನ್ ಸಾರ್, ಇದನ್ನೂ ಒಣಗ್ಸಕ್ ಹಾಕಿದೀರಾ?"

"ಹೌದು, ಸಂಜೆ ಹೊತ್ತಿಗೆ ದೀಪ ಆಗುತ್ತೆ."

"ಸಂಜೆ ಟಾರ್ಪಾಲ್ ಮುಚ್ಚೋವಾಗ ಒಳಗೆ ಸೇರ್ಕಂಡ್ರೆ ನಮ್ ಜವಾಬ್ದಾರಿ ಅಲ್ಲ."

ರಾತ್ರಿ ಒಂಬತ್ತಕ್ಕೆ ಹಚ್ಚಿದೆ. ಮನೆಯಲ್ಲಿ ಪೂರ್ತಿ ಚಾರ್ಜ್ ಮಾಡಿ ತಂದಿದ್ದ ಸೆಲ್, ಮೇಲೆ ಕಣದ ಬಿಸಿಲು ಬೇರೆ. 300 ಮಿಲಿಆಂಪ್ ಎಳೆಯುವ ದೀಪಕ್ಕೆ 9800 ಎಂಎಎಚ್ ಅಂದರೆ ಮೂವತ್ತೆರಡು ಗಂಟೆಯ ಮೇಲೆ. ಹನ್ನೆರಡು ಗಂಟೆಗೆ, ಇಸ್ಪೀಟಿನ ಆಟ ಇನ್ನೂ ಮುಗಿಯದಿರುವಾಗ, ಕಪ್ಪನೆ ಕತ್ತಲು.

ಇನ್ನೊಂದು ಪಾಠ: ಬಿಳಿ ಎಲ್‌ಇಡಿಗೆ ತೋಟದ ಹುಳಗಳೆಲ್ಲ ಬಂದು ಮುತ್ತಿದವು. ಬಿಳಿ ಎಲ್‌ಇಡಿ ಅಂದರೆ ಒಳಗಿರುವುದು ನೀಲಿ ಚಿಪ್ಪೇ, ಮೇಲೆ ಹಳದಿ ಫಾಸ್ಫರಿನ ಲೇಪ. ಹುಳಗಳಿಗೆ ಬೇಕಾದ್ದು ಆ ನೀಲಿ. ಮುಂದಿನದು ಹಳದಿ ಛಾಯೆಯ ವಾರ್ಮ್ ವೈಟ್.

ಡಿಸೆಂಬರ್ 20

ಸೆಲ್ಲನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟೆ. 29 ಗ್ರಾಂ. ಒಳ್ಳೆಯ 18650 ಸೆಲ್ 45 ಗ್ರಾಮಿನ ಆಸುಪಾಸು ತೂಗಬೇಕು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಆ ಕೊಳವೆಯಲ್ಲಿ 9800 ತುಂಬಲು ಸಾಧ್ಯವೇ ಇಲ್ಲ, 3500 ಇದ್ದರೆ ಅದೇ ದೊಡ್ಡ ಮಾತು. ನನ್ನದು ಅಳೆದರೆ 900. ಅಂಕಿಗೊಂದು ಸೊನ್ನೆ ಜಾಸ್ತಿ ಬಿದ್ದಿದ್ದರೂ ಕ್ಷಮಿಸಬಹುದಿತ್ತು, ಇದು ಅದಕ್ಕಿಂತಲೂ ಮೇಲೆ. ವಾಪಸ್ ಕೊಡಲು ಹೋಗಲಿಲ್ಲ. ಆ ಸಂದಿಯಲ್ಲಿ ಯಾವ ಅಂಗಡಿ ಅನ್ನುವುದೇ ನೆನಪಿರಲಿಲ್ಲ.

ಹೊಸ ಸೆಲ್: 2600 ಎಂಎಎಚ್, 46 ಗ್ರಾಂ. ತಕ್ಕಡಿಯನ್ನು ಅಂಗಡಿಗೇ ಒಯ್ದಿದ್ದೆ. ಅಂಗಡಿಯವರು ಮುಖ ಗಂಟಿಕ್ಕಿದರು, ಆದರೆ ತೂಗಲು ಬಿಟ್ಟರು.

ಜನವರಿ 11–12, ಕುಮಾರ ಪರ್ವತ

ಈ ಹೊತ್ತಿಗೆ ನನ್ನ ಹುಚ್ಚು ಪ್ಯಾನಲ್ ದೊಡ್ಡದು ಮಾಡುವ ಕಡೆ ತಿರುಗಿತ್ತು. ಒಂದಕ್ಕೆ ಎರಡಾಯಿತು, ಎರಡನ್ನೂ ತೆಳು ಪ್ಲೈವುಡ್ಡಿಗೆ ಅಂಟಿಸಿ ಬ್ಯಾಗಿನ ಬೆನ್ನಿಗೆ ಕಟ್ಟಿದೆ. ಒಟ್ಟು ತೂಕ 410 ಗ್ರಾಂ. ಜಾಹೀರಾತುಗಳಲ್ಲಿ ಎಲ್ಲರೂ ಹಾಗೆಯೇ ಕಟ್ಟಿಕೊಂಡು ನಗುತ್ತಾ ನಡೆಯುತ್ತಾರಲ್ಲ.

ಕುಕ್ಕೆಯಿಂದ, ದಾರಿಯಲ್ಲಿ ಚಾರಣಿಗರಿಗೆ ಊಟ ಹಾಕುವ ಭಟ್ಟರ ಮನೆವರೆಗೆ ದಟ್ಟ ಕಾಡು, ಅಲ್ಲಿ ಏನೂ ಸಿಗುವುದಿಲ್ಲ ಅಂತ ಗೊತ್ತಿತ್ತು. ಎಣಿಕೆಯಿದ್ದದ್ದು ಮರುದಿನ ಗಿರಿಗದ್ದೆ ದಾಟಿದ ಮೇಲಿನ ಬೋಳು ಹುಲ್ಲುಗಾವಲಿನ ಮೇಲೆ. ಬೆಳಗ್ಗೆ ಏಳಕ್ಕೆ ಹೊರಟೆವು. ಬೋರ್ಡಿನ ದೀಪ ನನ್ನ ಬೆನ್ನಿಗಿದ್ದದ್ದರಿಂದ ಹಿಂದೆ ಬರುತ್ತಿದ್ದ ಗೆಳೆಯ ನೋಡಿ ಹೇಳಬೇಕಿತ್ತು.

"ಹತ್ತಿದ್ಯಾ?"

"ಇಲ್ಲ."

ಸ್ವಲ್ಪ ದೂರ. "ಈಗ?"

"ಇಲ್ಲ ಮಾರಾಯ. ನಡಿ."

ಕಲ್ಲು ಮಂಟಪದ ಹತ್ತಿರ ಕೂತು ನೀರು ಕುಡಿಯುವಾಗ ಹೊಳೆಯಿತು. ಕುಕ್ಕೆ ಪಶ್ಚಿಮಕ್ಕಿದೆ, ಪರ್ವತ ಪೂರ್ವಕ್ಕೆ. ಬೆಳಗ್ಗೆ ಪೂರ್ವಕ್ಕೆ ಹತ್ತುವವನಿಗೆ ಸೂರ್ಯ ಮುಖಕ್ಕೆ ಹೊಡೆಯುತ್ತಾನೆ, ಬೆನ್ನು ನೆರಳಿನಲ್ಲಿ. ಮಧ್ಯಾಹ್ನದ ಮೇಲೆ ಪಶ್ಚಿಮಕ್ಕೆ ಇಳಿಯುವವನಿಗೆ ಸೂರ್ಯ ಮತ್ತೆ ಮುಖಕ್ಕೇ. ಇಡೀ ದಿನ ಬಿಸಿಲಿನಲ್ಲಿ ಬೆಂದು ಮೂಗು ಕಪ್ಪಾದರೂ ನನ್ನ ಪ್ಯಾನಲಿಗೆ ಸೂರ್ಯದರ್ಶನವಾಗದಂತೆ ಈ ದಾರಿಯನ್ನು ಯಾರೋ ಯೋಜಿಸಿದ ಹಾಗಿದೆ. ಹನ್ನೊಂದು ಗಂಟೆಗೆ ಅಳೆದೆ: ಬೆನ್ನ ಮೇಲೆ ಎರಡೂ ಪ್ಯಾನಲ್ ಸೇರಿ 30 ಮಿಲಿಆಂಪ್, ಬಂಡೆಯ ಮೇಲೆ ಅಂಗಾತ ಇಟ್ಟರೆ 240. ಅಲ್ಲಿಂದ ಮುಂದೆ ಬ್ಯಾಗಿನ ನೆತ್ತಿಯ ಮೇಲೆ, ಮುಚ್ಚಳಕ್ಕೆ ಕಟ್ಟಿಕೊಂಡೆ. ಶೇಷ ಪರ್ವತದ ಏರಿನಲ್ಲಿ ಕೊನೆಗೂ "ಹತ್ತಿದೆ!" ಅನ್ನುವ ಕೂಗು. ಮುಂದೆ ಹೋಗುತ್ತಿದ್ದ ಅಪರಿಚಿತರ ಗುಂಪೊಂದು ಬೆಂಕಿ ಬಿತ್ತೇನೋ ಅಂತ ತಿರುಗಿ ನೋಡಿತು.

ಇನ್ನು ಅದರ ಹಿಂದಿನ ರಾತ್ರಿಯ ಕಥೆ. ಬರೆಯಬೇಕಾದ್ದು ನಿಜಕ್ಕೂ ಅದೇ. ಭಟ್ಟರ ಮನೆಯಲ್ಲಿ ಊಟ ಮುಗಿಸಿ ಟೆಂಟಿಗೆ ಬಂದು, ಲಾಂದ್ರ ತೂಗುಹಾಕಿ, ಮೆಚ್ಚುಗೆಗೆ ಕಾದೆ.

"ಆ ಫೋಕಸ್ ಲೈಟ್ ಆರಿಸೋ, ಏನು ಇಲ್ಲಿ ಯಕ್ಷಗಾನ ಇದೆಯಾ?" ಅಂದ ಒಬ್ಬ. ಇನ್ನೊಬ್ಬ ಎದ್ದು, ತನ್ನ ಪಂಚೆಯನ್ನು ನಾಲ್ಕಾರು ಮಡಿಕೆ ಮಾಡಿ ಲಾಂದ್ರಕ್ಕೆ ಸುತ್ತಿ, "ಈಗ ಸರಿ" ಅಂದು ಮಲಗಿದ.

ಸಿಟ್ಟು ಬಂದಿತ್ತು. ಆದರೆ ಆ ಮಬ್ಬಿನಲ್ಲೇ ನೀರಿನ ಬಾಟಲಿ ಸಿಕ್ಕಿತು, ಕಾಲುಚೀಲ ಸಿಕ್ಕಿತು, ಮಾತ್ರೆಯ ಪಟ್ಟಿಯ ಮೇಲಿನ ಹೆಸರನ್ನೂ ಕಣ್ಣು ಕಿರಿದು ಮಾಡಿ ಓದಿದೆ. ಬೆಳಕು ಎಷ್ಟು ಬೀಳುತ್ತಿದೆ ಅಂತ ಅಳೆಯುವ, ಫೋನಿನ ಲಕ್ಸ್ ಮೀಟರ್ ಆ್ಯಪ್‌ನಲ್ಲಿ ನೋಡಿದರೆ ಅರ್ಧ ಮೀಟರ್ ದೂರದಲ್ಲಿ 4 ಲಕ್ಸ್. ಪಂಚೆ ತೆಗೆದರೆ 60ರ ಮೇಲೆ. (ಬೈದರು. ಮತ್ತೆ ಸುತ್ತಿದೆ.) ಹುಣ್ಣಿಮೆಯ ಬೆಳದಿಂಗಳು ಅರ್ಧ ಲಕ್ಸ್ ಕೂಡ ಇರುವುದಿಲ್ಲ, ಅದರಲ್ಲೇ ನಮ್ಮಜ್ಜಂದಿರು ಗದ್ದೆಯ ಬದುವಿನ ಮೇಲೆ ನಡೆದು ಮನೆ ಸೇರುತ್ತಿದ್ದರು. ಕಗ್ಗತ್ತಲಿಗೆ ಒಗ್ಗಿದ ಕಣ್ಣಿಗೆ 4 ಲಕ್ಸ್ ಧಾರಾಳ. ಎರಡು ತಿಂಗಳಿಂದ ನಾನು ಬಿಸಿಲು ಹೆಚ್ಚು ಹಿಡಿಯುವುದು ಹೇಗೆ ಅಂತ ತಲೆ ಕೆಡಿಸಿಕೊಂಡಿದ್ದೆ. ಹಿಡಿದದ್ದರಲ್ಲಿ ಹದಿನೈದಕ್ಕೆ ಹದಿನಾಲ್ಕು ಪಾಲನ್ನು ಪಂಚೆ ನುಂಗಿದರೂ ಯಾರಿಗೂ ಏನೂ ಕಡಿಮೆಯಾಗಿರಲಿಲ್ಲ.

ಜನವರಿ 26

ರಜೆ. ಲೆಕ್ಕ ಹಾಕಲು ಕೂತೆ.

300 ಮಿಲಿಆಂಪ್‌ನ ಹದಿನೈದನೇ ಒಂದು ಪಾಲು 20. ಆ ಕರೆಂಟಿನಲ್ಲಿ ಎಲ್‌ಇಡಿ ಸುಮಾರು 7 ಲ್ಯೂಮೆನ್ ಕೊಡುತ್ತದೆ, ಮೇಣದಬತ್ತಿಯ ಅರ್ಧದಷ್ಟು. 2600 ಎಂಎಎಚ್ ಸೆಲ್ ಒಂದೇ ಚಾರ್ಜಿನಲ್ಲಿ ನೂರ ಮೂವತ್ತು ಗಂಟೆ ಬರಬೇಕು. ಬ್ಯಾಗಿನ ನೆತ್ತಿಯ ಮೇಲೆ ಒಂದೇ ಪ್ಯಾನಲ್, ದಿನಕ್ಕೆ 300 ಎಂಎಎಚ್ ಹಿಡಿದರೂ ಹದಿನೈದು ಗಂಟೆಯ ಬೆಳಕು. ಎರಡನೇ ಪ್ಯಾನಲ್, ಪ್ಲೈವುಡ್, ಅದರ ನಟ್ಟು ಬೋಲ್ಟು ಎಲ್ಲ ಹೊರಗೆ. ತೂಕ 410ರಿಂದ 175 ಗ್ರಾಮಿಗೆ ಇಳಿಯಿತು.

ಈಗ ಮೂರು ಹಂತದ ಸ್ವಿಚ್ಚು, ಹಂತಕ್ಕೊಂದು ರೆಸಿಸ್ಟರ್: ಓಮ್ ಹೆಚ್ಚಿದಷ್ಟೂ ಬೆಳಕು ಕಡಿಮೆ. ಮಲಗುವ ಬೆಳಕಿಗೆ 47 ಓಮ್, ಅಡುಗೆಗೆ 10 ಓಮ್, "ಚಪ್ಪಲಿ ಎಲ್ಲಿ" ಹಂತಕ್ಕೆ 2.7 ಓಮ್. ಕೊನೆಯದಕ್ಕೆ ಕಾಲು ವ್ಯಾಟಿನ ರೆಸಿಸ್ಟರ್ ಹಾಕಿದ್ದೆ, ಬೆರಳು ಸುಟ್ಟಿತು. ಅರ್ಧ ವ್ಯಾಟಿನದು ಹಾಕಿ. ಕರೆಂಟನ್ನು ಒಂದೇ ಸಮ ಇಡುವ ಚುರುಕಾದ ಡ್ರೈವರ್ ಸರ್ಕಿಟ್ ಬಳಸಬಹುದಲ್ಲ ಅಂತ ಕೇಳುವವರಿಗೆ: ಬಳಸಬಹುದು. ಆದರೆ ಕಾಡಿನಲ್ಲಿ ಕೆಟ್ಟರೆ ರೆಸಿಸ್ಟರನ್ನು ಹಲ್ಲಿನಲ್ಲಿ ವೈರ್ ಕಚ್ಚಿಯಾದರೂ ಸರಿಮಾಡಬಹುದು. ಸೆಲ್ ಖಾಲಿಯಾಗುತ್ತಾ ಬೆಳಕು ತಾನೇ ಮಂಕಾಗುವುದು ನನಗೆ ಇಷ್ಟ. ಸೀಮೆಎಣ್ಣೆ ತಳಕ್ಕಿಳಿದ ಹಾಗೆ, ಎಷ್ಟು ಉಳಿದಿದೆ ಅಂತ ನೋಡಿದರೇ ತಿಳಿಯುತ್ತದೆ.

ಚಾರ್ಜರ್ ಕೂಡ ಬದಲು: ಸಿಎನ್3065. ಪ್ಯಾನಲ್ ಎಷ್ಟು ಕೊಡಬಲ್ಲದೋ ನೋಡಿಕೊಂಡು ಅಷ್ಟೇ ಕೇಳುವ ಮರ್ಯಾದಸ್ಥ ಚಿಪ್ಪು. ಬೆಳಗ್ಗೆಯ ಮಿಣಮಿಣ ನಿಂತಿತು. ಎಚ್ಚರವಿರಲಿ, ನನ್ನ ಹಳೆಯ ಬೋರ್ಡಿನಲ್ಲಿ ಸೆಲ್ ತೀರಾ ಖಾಲಿಯಾಗದಂತೆ ತಡೆಯುವ ಸರ್ಕಿಟ್ ಇತ್ತು, ಇದರಲ್ಲಿಲ್ಲ. ಆ ರಕ್ಷಣೆ ತನ್ನೊಳಗೇ ಇರುವ ಸೆಲ್ ಕೊಳ್ಳಬೇಕಾಯಿತು.

ಮಾರ್ಚ್ 2

ತಾರಸಿಗೆ ಅಮ್ಮನ ಸಂಡಿಗೆ ಬಂದಿದೆ, ನನ್ನ ಪ್ಯಾನಲ್ ಮೂಲೆಗೆ ಸರಿದಿದೆ. ಇವತ್ತು ಅಳೆದರೆ 9 ಮಿಲಿಆಂಪ್. ನೆತ್ತಿ ಸುಡುವ ಬಿಸಿಲು, ಮೋಡದ ಚೂರೂ ಇಲ್ಲ. ಬೆಸುಗೆ ಬಿಟ್ಟಿರಬೇಕು ಅಂದುಕೊಂಡು ಎಲ್ಲ ಬಿಚ್ಚಲು ಮೇಲೆ ಹೋದೆ. ಸಂಡಿಗೆಯ ಬಟ್ಟೆ ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಭಾರ ಇಡಬೇಕಲ್ಲ. ಮೂರು ಮೂಲೆಗೆ ಕಲ್ಲು, ನಾಲ್ಕನೆಯದಕ್ಕೆ ನನ್ನ ಪ್ಯಾನಲ್. ಬಟ್ಟೆಯ ಅಂಚು ಮಡಚಿಕೊಂಡು ಪ್ಯಾನಲಿನ ಒಂದು ಪಟ್ಟಿಯ ಮೇಲೆ ಬಿದ್ದಿತ್ತು. ಬೆರಳಗಲ, ಅಷ್ಟೇ.

ಬೆರಳಗಲಕ್ಕೆ ಅಷ್ಟು ಇಳಿತವೇ ಅಂದರೆ, ಹೌದು. 6 ವೋಲ್ಟಿನ ಪ್ಯಾನಲಿನಲ್ಲಿ ಅರ್ಧರ್ಧ ವೋಲ್ಟಿನ ಹನ್ನೆರಡು ಪಟ್ಟಿಗಳು ಒಂದರ ಬಾಲ ಇನ್ನೊಂದು ಹಿಡಿದು ನಿಂತಿರುತ್ತವೆ. ಒಂದು ಪಟ್ಟಿ ಕತ್ತಲಾದರೆ ಉಳಿದ ಹನ್ನೊಂದರ ಕರೆಂಟೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬ್ಯಾಗಿನ ಪಟ್ಟಿ, ಟೋಪಿಯ ದಾರ, ಒಂದು ಒಣ ಎಲೆ ಸಾಕು. ಅಂಚು ಸರಿಸಿದೆ: 125.

"ಅದು ಭಾರ ಇತ್ತು, ಇಟ್ಟೆ. ಇಷ್ಟು ದಿನ ಸುಮ್ನೆ ಬಿದ್ದಿತ್ತಲ್ಲ" ಅಂದರು ಅಮ್ಮ.

ಮಾರ್ಚ್ 15

ಬಿಸಿಲಿನ ಇನ್ನೊಂದು ಮುಖ. ಪ್ಯಾನಲಿನ ಬೆನ್ನಿಗೇ ಸೆಲ್ಲಿನ ಡಬ್ಬಿ ಅಂಟಿಸಿದ್ದೆ, ಅಂದವಾಗಿತ್ತು. ಮಧ್ಯಾಹ್ನ ಒಂದಕ್ಕೆ ಸೆಲ್ಲಿನ ಮೈ 53 ಡಿಗ್ರಿ. ಲಿಥಿಯಂ ಅಯಾನ್ ಸೆಲ್ಲನ್ನು 45 ಡಿಗ್ರಿಯ ಮೇಲೆ ಚಾರ್ಜ್ ಮಾಡಬಾರದು. ಬೇಗ ಸಾಯುತ್ತದೆ, ಮತ್ತೂ ಕೆಟ್ಟದ್ದೂ ಆಗಬಹುದು. ಅಂದ ಬಿಟ್ಟೆ. ಈಗ ಪ್ಯಾನಲ್ ಬೇರೆ, ಲಾಂದ್ರ ಬೇರೆ, ನಡುವೆ ಅರ್ಧ ಮೀಟರ್ ವೈರು. ಪ್ಯಾನಲ್ ಬ್ಯಾಗಿನ ನೆತ್ತಿಯ ಮೇಲೆ ಕಾಯುತ್ತದೆ, ಸೆಲ್ ಒಳಗೆ ಬಟ್ಟೆಗಳ ನಡುವೆ ತಣ್ಣಗಿರುತ್ತದೆ.

ಮಾರ್ಚ್ 23

ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ದಾರಿಗಳನ್ನು ಮುಚ್ಚುತ್ತದೆ, ಹೀಗಾಗಿ ಬೆಟ್ಟದ ಮಾತು ಇನ್ನು ಮಳೆಗಾಲ ಕಳೆದ ಮೇಲೆ. ಉಳಿದ ಕೆಲಸ ಒಂದೇ, ನೀರು. ಡಬ್ಬಿಯ ಮುಚ್ಚಳಕ್ಕೆ ಹಳೆಯ ಕುಕ್ಕರಿನ ಗ್ಯಾಸ್ಕೆಟ್ ಕತ್ತರಿಸಿ ಕೂರಿಸಿದ್ದೇನೆ, ವೈರ್ ಹೊರಬರುವ ತೂತಿಗೆ ಸಿಲಿಕೋನ್. ಸೆಲ್ ಮತ್ತು ಬೋರ್ಡು ತೆಗೆದು, ಒಳಗೆ ಟಿಶ್ಯೂ ಪೇಪರ್ ಮಡಚಿಟ್ಟು, ಬಚ್ಚಲುಮನೆಯ ಬಕೆಟ್ಟಿನಲ್ಲಿ ಮುಳುಗಿಸಿದೆ. ತೇಲಿತು. ಮೇಲೆ ಕುಟ್ಟಾಣಿ ಇಟ್ಟೆ, ಈಗ ತಳದಲ್ಲಿ ಕೂತಿದೆ. ಒಂದೆರಡು ಗುಳ್ಳೆ ಬಂದವು. ಅವು ಗ್ಯಾಸ್ಕೆಟ್ಟಿನ ಹೊರಗೆ ಅಂಟಿದ್ದ ಗಾಳಿಯೋ, ಒಳಗಿನದೋ, ಬೆಳಗ್ಗೆ ಟಿಶ್ಯೂ ಹೇಳಬೇಕು. ಆರಕ್ಕೆ ಮುಂಚೆ ಎದ್ದು ನೋಡಬೇಕು, ಬಕೆಟ್ಟೂ ಕುಟ್ಟಾಣಿಯೂ ಅಮ್ಮನಿಗೆ ಬೇಕಂತೆ.